ನೆನಪಿನ ಮಿತಿ, ವಿದ್ಯುತ್ತಿನ ಮಿತಿ: ಲ್ಯಾಪ್‌ಟಾಪ್ ಚರಿತ್ರೆಯ ಒಂದು ವಿವಾದ

(ಕೂಟದ ಉಪನ್ಯಾಸ ಕಾರ್ಯಕ್ರಮದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಇಂದು ನಾನು ಆರಿಸಿಕೊಂಡಿರುವ ವಿಷಯ ತಂತ್ರಜ್ಞಾನಕ್ಕೆ ಸೇರಿದ್ದಾದರೂ ಅದನ್ನು ನೋಡುವ ದೃಷ್ಟಿ ಇತಿಹಾಸದ್ದು. 2016ನೆಯ ಇಸವಿಯ ಅಕ್ಟೋಬರ್ 27ರಂದು ಆಪಲ್ ಸಂಸ್ಥೆ ತನ್ನ ಹೊಸ ಮ್ಯಾಕ್‌ಬುಕ್ ಪ್ರೊ ಲ್ಯಾಪ್‌ಟಾಪನ್ನು ಪ್ರಕಟಿಸಿತು. ಎಷ್ಟು ಹಣ ಕೊಟ್ಟರೂ ಅದರಲ್ಲಿ 16 ಗಿಗಾಬೈಟಿಗಿಂತ ಹೆಚ್ಚಿನ ಮೆಮೊರಿ ದೊರೆಯುತ್ತಿರಲಿಲ್ಲ. ಚಲನಚಿತ್ರ ಸಂಕಲನಕಾರರು, ಸಂಗೀತ ಸಂಯೋಜಕರು, ತಂತ್ರಾಂಶ ಬರೆಯುವವರು, ಎಲ್ಲರೂ ಒಂದೇ ಪ್ರಶ್ನೆ ಕೇಳಿದರು: 32 ಗಿಗಾಬೈಟ್ ಏಕಿಲ್ಲ? ಸಂಸ್ಥೆಯ ಹಿರಿಯ ಅಧಿಕಾರಿ ಫಿಲ್ ಶಿಲ್ಲರ್ ಗ್ರಾಹಕರೊಬ್ಬರಿಗೆ ಬರೆದ ಉತ್ತರದ ಸಾರಾಂಶವಿಷ್ಟು: ಅದಕ್ಕಿಂತ ಹೆಚ್ಚಿನ ವೇಗದ ಮೆಮೊರಿಯನ್ನು ಅಳವಡಿಸಬೇಕಾದರೆ ಬಹಳ ಹೆಚ್ಚು ವಿದ್ಯುತ್ತನ್ನು ನುಂಗುವ ಬೇರೊಂದು ಬಗೆಯ ಮೆಮೊರಿ ವ್ಯವಸ್ಥೆ ಬೇಕಾಗುತ್ತದೆ; ಅದು ಲ್ಯಾಪ್‌ಟಾಪಿಗೆ ತಕ್ಕದ್ದಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಹಿರಿಯರ ಮಾತು. ಈ ಉತ್ತರದ ಧಾಟಿಯೂ ಅದೇ. ಆದರೆ ಹಾಸಿಗೆಯ ಅಳತೆಯನ್ನು ನಿರ್ಧರಿಸಿದವರು ಯಾರು? ಪ್ರಕೃತಿಯೋ, ತಯಾರಕರೋ, ಬಳಸುವವರೋ? ಇದನ್ನು ತಿಳಿಯಬೇಕಾದರೆ ನಾವು ಮೂವತ್ತೈದು ವರ್ಷ ಹಿಂದಕ್ಕೆ ಹೋಗಬೇಕು.

ಅದಕ್ಕೆ ಮೊದಲು ಮೆಮೊರಿಯ ಸ್ವಭಾವದ ಬಗ್ಗೆ ಎರಡು ಮಾತು. ಗಣಕದ ತಾತ್ಕಾಲಿಕ ನೆನಪಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಸ್ಟ್ಯಾಟಿಕ್ ಮೆಮೊರಿ. ಇದರಲ್ಲಿ ಒಂದು ಬಿಟ್ ಮಾಹಿತಿಯನ್ನು ಹಿಡಿದಿಡಲು ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರುಗಳು ಬೇಕು. ಹೀಗಾಗಿ ಬೆಲೆ ಹೆಚ್ಚು, ಜಾಗವೂ ಹೆಚ್ಚು. ಆದರೆ ಸುಮ್ಮನಿರುವಾಗ ಅದು ಬಳಸುವ ವಿದ್ಯುತ್ತು ಅತ್ಯಲ್ಪ. ಇನ್ನೊಂದು ಡೈನಮಿಕ್ ಮೆಮೊರಿ. ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರಿಗೆ 1968ರಲ್ಲಿ ಇದರ ಪೇಟೆಂಟ್ ದೊರೆಯಿತು. ಒಂದು ಟ್ರಾನ್ಸಿಸ್ಟರು, ಒಂದು ಪುಟ್ಟ ಕೆಪಾಸಿಟರು, ಇಷ್ಟರಲ್ಲೇ ಒಂದು ಬಿಟ್ ಅಡಗುತ್ತದೆ. ಅಗ್ಗದ ಗಣಕಗಳ ಯುಗವನ್ನು ಸಾಧ್ಯವಾಗಿಸಿದ್ದು ಈ ಆವಿಷ್ಕಾರವೆಂದರೆ ಅತಿಶಯೋಕ್ತಿಯಾಗಲಾರದು. ಆದರೆ ಆ ಕೆಪಾಸಿಟರು ಸೋರುವ ಗಡಿಗೆಯಂತೆ; ಅದರಲ್ಲಿನ ವಿದ್ಯುದಂಶ ಕ್ರಮೇಣ ಬಸಿದುಹೋಗುತ್ತದೆ. ಆದ್ದರಿಂದ ಪ್ರತಿಯೊಂದು ಗಡಿಗೆಯನ್ನೂ ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳೊಳಗೆ, ಅಂದರೆ ಸೆಕೆಂಡಿಗೆ ಸುಮಾರು ಹದಿನಾರು ಬಾರಿ, ಪುನಃ ತುಂಬುತ್ತಲೇ ಇರಬೇಕು. ಯಂತ್ರ ನಿದ್ರಿಸುತ್ತಿರುವಾಗಲೂ ಈ ಕೆಲಸ ನಿಲ್ಲುವಂತಿಲ್ಲ. ಗಡಿಗೆಗಳು ಹೆಚ್ಚಿದಷ್ಟೂ ತುಂಬುವ ಶ್ರಮ ಹೆಚ್ಚು. ನಮ್ಮ ವಿವಾದದ ಮೂಲ ಇರುವುದು ಇಲ್ಲಿ.

ಇನ್ನು ಯಂತ್ರಗಳ ಕಡೆಗೆ ಬರೋಣ. 1981ರಲ್ಲಿ ಮಾರುಕಟ್ಟೆಗೆ ಬಂದ ಆಸ್ಬೋರ್ನ್ 1, ಹೊತ್ತೊಯ್ಯಬಹುದಾದ ಗಣಕವೆಂದು ಯಶಸ್ಸು ಗಳಿಸಿದವುಗಳಲ್ಲಿ ಮೊದಲನೆಯದು. ಅದರ ನಿರ್ಮಾತೃ ಆಡಂ ಆಸ್ಬೋರ್ನ್ ಅವರ ಬಾಲ್ಯ ತಮಿಳುನಾಡಿನಲ್ಲಿ ಕಳೆಯಿತೆಂಬುದು ನಮಗೆ ಕುತೂಹಲದ ಸಂಗತಿ. ಅವರ ತಂದೆ ಆರ್ಥರ್ ಆಸ್ಬೋರ್ನ್ ರಮಣ ಮಹರ್ಷಿಗಳ ಜೀವನಚರಿತ್ರೆಯನ್ನು ಬರೆದವರು. ಆ ಯಂತ್ರದಲ್ಲಿ 64 ಕಿಲೊಬೈಟ್ ಮೆಮೊರಿಯಿತ್ತು, ತೂಕ ಸುಮಾರು 11 ಕಿಲೊ. ಆದರೆ ಒಳಗೆ ಬ್ಯಾಟರಿಯೇ ಇರಲಿಲ್ಲ. ಹೊತ್ತುಕೊಂಡು ಹೋಗಬಹುದಿತ್ತು, ಗೋಡೆಯ ಪ್ಲಗ್ ಇಲ್ಲದ ಕಡೆ ಬಳಸುವಂತಿರಲಿಲ್ಲ. ಮರುವರ್ಷ ಬಂದ ಗ್ರಿಡ್ ಕಂಪಾಸ್, ಮಡಿಚುವ ಪರದೆಯ ಸುಂದರ ಯಂತ್ರ; ಬಾಹ್ಯಾಕಾಶ ನೌಕೆಯಲ್ಲಿಯೂ ಪಯಣಿಸಿತು. ಅದರ ಬೆಲೆ ಎಂಟು ಸಾವಿರ ಡಾಲರಿಗೂ ಮಿಗಿಲು. ಬ್ಯಾಟರಿ ಅದರಲ್ಲಿಯೂ ಇರಲಿಲ್ಲ.

ಇವಕ್ಕೆ ತದ್ವಿರುದ್ಧವಾದ ದಾರಿ ಹಿಡಿದವು ಎಪ್ಸನ್ ಎಚ್‌ಎಕ್ಸ್-20 ಮತ್ತು 1983ರ ಟಿಆರ್‌ಎಸ್-80 ಮಾಡೆಲ್ 100. ಎರಡನೆಯದು ಪತ್ರಕರ್ತರ ಅಚ್ಚುಮೆಚ್ಚಿನ ಯಂತ್ರವಾಗಿತ್ತು. ಟಾರ್ಚಿಗೆ ಹಾಕುವಂತಹ ನಾಲ್ಕು ಸಣ್ಣ ಸೆಲ್‌ಗಳ ಮೇಲೆ ಸುಮಾರು 20 ಗಂಟೆ ನಡೆಯುತ್ತಿತ್ತು. ಅದರ ಗುಟ್ಟು ಸ್ಟ್ಯಾಟಿಕ್ ಮೆಮೊರಿ. ಯಂತ್ರ ನಂದಿಸಿದ ಮೇಲೂ ಬರೆದದ್ದು ದಿನಗಟ್ಟಲೆ ಅಳಿಯದೆ ಉಳಿಯುತ್ತಿತ್ತು. ಇದಕ್ಕೆ ತೆತ್ತ ಬೆಲೆಯೆಂದರೆ ಪ್ರಾರಂಭದಲ್ಲಿ ಕೇವಲ 8 ಕಿಲೊಬೈಟ್, ಗರಿಷ್ಠ 32 ಕಿಲೊಬೈಟ್ ಮೆಮೊರಿ. ವರದಿಗಾರನಿಗೆ ಅಷ್ಟೇ ಸಾಕಾಗಿತ್ತು. ಬಳಸುವವನ ಕಸುಬಿಗೆ ಯಾವ ಮಿತಿ ಒಗ್ಗುತ್ತದೆ ಎಂಬುದನ್ನು ಆ ಯಂತ್ರ ಸರಿಯಾಗಿ ಊಹಿಸಿತ್ತು.

ಎರಡನ್ನೂ ಒಟ್ಟಿಗೆ ಸಾಧಿಸಲು ಹೊರಟ ದೊಡ್ಡ ಪ್ರಯೋಗ 1989ರ ಮ್ಯಾಕಿಂಟಾಷ್ ಪೋರ್ಟಬಲ್. ಅಂದಿನ ಮೇಜಿನ ಗಣಕಗಳು ಅಗ್ಗದ ಡೈನಮಿಕ್ ಮೆಮೊರಿಯನ್ನು ಬಳಸುತ್ತಿದ್ದಾಗ, ಆಪಲ್ ಸಂಸ್ಥೆ ಬ್ಯಾಟರಿಯ ಸಲುವಾಗಿ ದುಬಾರಿಯಾದ ಸ್ಟ್ಯಾಟಿಕ್ ಮೆಮೊರಿಯನ್ನು ಆರಿಸಿತು: ಮೊದಲಿಗೆ 1 ಮೆಗಾಬೈಟ್, ವಿಸ್ತರಿಸಿದರೆ 9 ಮೆಗಾಬೈಟ್‌ವರೆಗೆ. ಜೊತೆಗೆ ಕಾರಿನ ಬ್ಯಾಟರಿಯ ಜಾತಿಗೆ ಸೇರಿದ ಸೀಸ-ಆಮ್ಲದ ಬ್ಯಾಟರಿ. ಫಲವಾಗಿ ಹತ್ತು ಗಂಟೆಗಳವರೆಗೆ ಕೆಲಸ ಮಾಡಬಹುದಿತ್ತು. ಆದರೆ ತೂಕ ಏಳು ಕಿಲೊ ದಾಟಿತು, ಹಾರ್ಡ್ ಡಿಸ್ಕ್ ಸಹಿತ ಬೆಲೆ ಆರು ಸಾವಿರ ಡಾಲರನ್ನು ಮೀರಿತು. ಜನ ಕೊಳ್ಳಲಿಲ್ಲ. 1991ರ ಪರಿಷ್ಕೃತ ಮಾದರಿಯಲ್ಲಿ ಪರದೆಗೆ ಹಿಂಬೆಳಕು ಬಂತು, ಅಗ್ಗದ ಬಗೆಯ ಮೆಮೊರಿ ಬಂತು. ಬ್ಯಾಟರಿಯ ಆಯುಷ್ಯ ಕುಗ್ಗಿತು. ಅದೇ ವರ್ಷ ಬಂದ ಪವರ್‌ಬುಕ್ 100 ಹಗುರವಾಗಿತ್ತು, 2ರಿಂದ 8 ಮೆಗಾಬೈಟ್ ಮೆಮೊರಿಯುಳ್ಳದ್ದಾಗಿತ್ತು. ಅದು ಗೆದ್ದಿತು.

ಈ ಸೋಲಿನಿಂದ ಉದ್ಯಮ ಕಲಿತ ಪಾಠವೆಂದರೆ ಗ್ರಾಹಕನಿಗೆ ತೂಕ ಬೇಡ ಎಂಬುದು. ಆದರೆ ಒಂದು ವಿಷಯವನ್ನು ನಾವು ಗಮನಿಸಬೇಕು. ಪೋರ್ಟಬಲ್ ಯಂತ್ರದಲ್ಲಿ ಮೆಮೊರಿಗೂ ಬ್ಯಾಟರಿಗೂ ಇದ್ದ ವ್ಯಾಜ್ಯ ಬಹಿರಂಗವಾಗಿತ್ತು. ಅದರ ತೀರ್ಪನ್ನು ಬೆಲೆಪಟ್ಟಿಯಲ್ಲಿ ಓದಬಹುದಿತ್ತು, ತೋಳಿನ ನೋವಿನಲ್ಲಿ ಅನುಭವಿಸಬಹುದಿತ್ತು.

1991ರಲ್ಲಿ ಸೋನಿ ಸಂಸ್ಥೆ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಸಂಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಹಗುರವಾದ ಬ್ಯಾಟರಿಯೊಂದಿಗೆ ಹೊಸದೊಂದು ಮಿತಿಯೂ ಬಂತು. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಊರಿಗೆ ವಿಮಾನ ಹತ್ತುವ ನಮಗೆಲ್ಲ ಸಂಬಂಧಿಸಿದ ನಿಯಮವಿದು: 100 ವಾಟ್-ಗಂಟೆಗಿಂತ ಹೆಚ್ಚು ಶಕ್ತಿಯ ಲಿಥಿಯಂ ಬ್ಯಾಟರಿಯನ್ನು ವಿಮಾನ ಸಂಸ್ಥೆಯ ಅನುಮತಿಯಿಲ್ಲದೆ ಪ್ರಯಾಣಿಕರು ಒಯ್ಯುವಂತಿಲ್ಲ. ಹೀಗಾಗಿ ಸಾಮಾನ್ಯ ಲ್ಯಾಪ್‌ಟಾಪಿನ ವಿದ್ಯುತ್ ಭಂಡಾರಕ್ಕೆ ಹೊರಗಿನಿಂದಲೇ ಒಂದು ಗೆರೆ ಬಿದ್ದಿತು. ಹಾಸಿಗೆಯ ಗರಿಷ್ಠ ಉದ್ದ ಅದು.

ಈಗ 2016ರ ವಿವಾದಕ್ಕೆ ಮರಳೋಣ. ಆಪಲ್ ಸಂಸ್ಥೆಯ ವಾದದಲ್ಲಿ ಸತ್ಯವಿತ್ತು. ಅದು ಬಳಸಿದ್ದು ಎಲ್‌ಪಿಡಿಡಿಆರ್3 ಎಂಬ ಮಿತವ್ಯಯದ ಡೈನಮಿಕ್ ಮೆಮೊರಿ. ಯಂತ್ರ ನಿದ್ರಿಸುವಾಗ ಇದು ಸಾಮಾನ್ಯ ಮೆಮೊರಿಗಿಂತ ತೀರ ಕಡಿಮೆ ವಿದ್ಯುತ್ತನ್ನು ಬಳಸುತ್ತದೆ. ಅಂದಿನ ಇಂಟೆಲ್ ಪ್ರೊಸೆಸರುಗಳೊಡನೆ ಇದನ್ನು 16 ಗಿಗಾಬೈಟಿಗಿಂತ ಹೆಚ್ಚು ಜೋಡಿಸುವಂತಿರಲಿಲ್ಲ. ಅದಕ್ಕಿಂತ ಹೆಚ್ಚು ಬೇಕೆಂದರೆ ಮೇಜಿನ ಗಣಕಗಳಲ್ಲಿ ಬಳಕೆಯಲ್ಲಿದ್ದ ಡಿಡಿಆರ್4 ಜಾತಿಗೆ ಹೋಗಬೇಕಿತ್ತು. ಮುಂದಿನ ಪೀಳಿಗೆಯ ಮಿತವ್ಯಯಿ ಮೆಮೊರಿಯಾದ ಎಲ್‌ಪಿಡಿಡಿಆರ್4 ಅಷ್ಟರಲ್ಲಾಗಲೇ ಕೈಫೋನುಗಳಲ್ಲಿ ಬಂದಿತ್ತು. ಲ್ಯಾಪ್‌ಟಾಪಿನ ಇಂಟೆಲ್ ಪ್ರೊಸೆಸರುಗಳಿಗೆ ಮಾತ್ರ ಅದರ ಭಾಷೆ ತಿಳಿದಿರಲಿಲ್ಲ. ಇಂಟೆಲ್ ಸಂಸ್ಥೆಯ ಹೊಸ ಉತ್ಪಾದನಾ ವಿಧಾನ ವರ್ಷಗಟ್ಟಲೆ ತಡವಾದದ್ದು ಇದಕ್ಕೆ ಮುಖ್ಯ ಕಾರಣ.

ಆದರೆ ಎದುರುವಾದಿಗಳ ಮಾತಿನಲ್ಲಿ ಇನ್ನೂ ಹೆಚ್ಚಿನ ಬಲವಿತ್ತು. 2015ರ 15 ಅಂಗುಲದ ಮ್ಯಾಕ್‌ಬುಕ್ ಪ್ರೊ ಯಂತ್ರದಲ್ಲಿ 99.5 ವಾಟ್-ಗಂಟೆಯ ಬ್ಯಾಟರಿಯಿತ್ತು. ವಿಮಾನದ ಗೆರೆಯನ್ನು ಮುಟ್ಟಿಯೂ ಮುಟ್ಟದಂತೆ. 2016ರ ಯಂತ್ರದಲ್ಲಿ ಅದು 76ಕ್ಕೆ ಇಳಿಯಿತು. ದಪ್ಪ 18 ಮಿಲಿಮೀಟರಿನಿಂದ 15.5ಕ್ಕೆ, ತೂಕ 2.04 ಕಿಲೊದಿಂದ 1.83ಕ್ಕೆ ಇಳಿದಿತ್ತು. ಅಂದರೆ ಮೊದಲು ಹಾಸಿಗೆಯನ್ನು ಕಾಲುಭಾಗದಷ್ಟು ಕತ್ತರಿಸಿ, ಆನಂತರ ಕಾಲು ಚಾಚಲು ಸ್ಥಳವಿಲ್ಲವೆಂದು ಹೇಳಿದಂತಾಯಿತು. ಸಂಸ್ಥೆಯ ಪರವಾಗಿ ಇಷ್ಟನ್ನು ಹೇಳಬೇಕು: ಚಿಕ್ಕ ಬ್ಯಾಟರಿಯಿಂದಲೂ ಅದು ಹತ್ತು ಗಂಟೆಗಳ ಆಯುಷ್ಯವನ್ನು ಘೋಷಿಸಿತು, ಹಿಂದಿನದು ಒಂಬತ್ತು ಗಂಟೆ. ಬಹುಪಾಲು ಗ್ರಾಹಕರಿಗೆ ಹಗುರವಾದ ಯಂತ್ರವೇ ಹಿತ. ಆದರೆ 'ಪ್ರೊ' ಎಂಬ ಹೆಸರು ಬಹುಪಾಲಿನವರನ್ನು ಉದ್ದೇಶಿಸಿ ಇಟ್ಟದ್ದಲ್ಲವಷ್ಟೆ? ಅದೇ ಕಾಲದ ಲೆನೊವೊ ಥಿಂಕ್‌ಪ್ಯಾಡ್ ಪಿ50 ಯಂತ್ರದಲ್ಲಿ 64 ಗಿಗಾಬೈಟ್ ಮೆಮೊರಿ, 90 ವಾಟ್-ಗಂಟೆಯ ಬ್ಯಾಟರಿ ಎರಡೂ ದೊರೆಯುತ್ತಿದ್ದವು. ತೂಕ ಮಾತ್ರ ಎರಡೂವರೆ ಕಿಲೊ. ಮೆಮೊರಿ ಮತ್ತು ಬ್ಯಾಟರಿಗಳ ನಡುವಿನ ಜಗಳವೆಂದು ಹೇಳಲಾದ ವಿಷಯದಲ್ಲಿ ಮೂರನೆಯ ಪಕ್ಷವೊಂದಿತ್ತು. ಅದರ ಹೆಸರು ತೆಳುವು. ಶಿಲ್ಲರ್ ಅವರ ಉತ್ತರದಲ್ಲಿ ಅದು ಸಾಕ್ಷಿಕಟ್ಟೆಯನ್ನು ಏರಲಿಲ್ಲ.

ಇದು ಕೇವಲ ಸೌಕರ್ಯದ ಪ್ರಶ್ನೆಯಾಗಿರಲಿಲ್ಲ. 2012ರ ರೆಟಿನಾ ಮಾದರಿಯಿಂದ ಮೊದಲ್ಗೊಂಡು ಈ ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಮಂಡಲಿಗೆ ಬೆಸುಗೆ ಹಾಕಲಾಗಿತ್ತು. ಹಿಂದೆ ಅಂಗಡಿಯಿಂದ ಮೆಮೊರಿಯ ಪಟ್ಟಿಯೊಂದನ್ನು ತಂದು ನಾವೇ ಸಿಕ್ಕಿಸಿಕೊಳ್ಳಬಹುದಿತ್ತು. ಬೆಸುಗೆಯ ನಂತರ, ಕೊಳ್ಳುವ ದಿನದ ಮಿತಿಯೇ ಆ ಯಂತ್ರದ ಆಯುಷ್ಯಪರ್ಯಂತದ ಮಿತಿ. ಗರಿಷ್ಠ 16 ಗಿಗಾಬೈಟ್ ಎಂಬ ಗೆರೆ 2012ರಿಂದ 2018ರವರೆಗೆ ಆರು ವರ್ಷ ಕದಲದೆ ನಿಂತಿತು. ಆ ಅವಧಿಯಲ್ಲಿ ತಂತ್ರಾಂಶಗಳ ಹಸಿವೇನೂ ನಿಂತಿರಲಿಲ್ಲ. ಮೆಮೊರಿ ಸಾಲದಾದಾಗ ಯಂತ್ರ ಡಿಸ್ಕಿನ ಮೊರೆಹೋಗುತ್ತದೆ. ಅದಕ್ಕೂ ಸಮಯ ಬೇಕು, ವಿದ್ಯುತ್ತೂ ಬೇಕು. ಮಿತಿಯಿಂದ ಉಳಿತಾಯವೇ ಆಗುತ್ತದೆಂದು ಎಲ್ಲ ಸಂದರ್ಭದಲ್ಲಿಯೂ ಹೇಳಲಾಗದು.

ಮುಂದೆ ನಡೆದುದೇ ಈ ವಾದಕ್ಕೆ ಉತ್ತರ. 2018ರ ಜುಲೈಯಲ್ಲಿ ಆಪಲ್ ಸಂಸ್ಥೆ 15 ಅಂಗುಲದ ಯಂತ್ರಕ್ಕೆ ಡಿಡಿಆರ್4 ಮೆಮೊರಿಯನ್ನೇ ಅಳವಡಿಸಿ 32 ಗಿಗಾಬೈಟ್ ಕೊಟ್ಟಿತು. ಬ್ಯಾಟರಿಯನ್ನು 83.6 ವಾಟ್-ಗಂಟೆಗೆ ಹಿಗ್ಗಿಸಿತು. ದಪ್ಪ ಹೆಚ್ಚಲಿಲ್ಲ, ಘೋಷಿತ ಆಯುಷ್ಯ ಹತ್ತು ಗಂಟೆಯಾಗಿಯೇ ಉಳಿಯಿತು. 2019ರ ನವೆಂಬರಿನಲ್ಲಿ ಬಂದ 16 ಅಂಗುಲದ ಯಂತ್ರ 64 ಗಿಗಾಬೈಟ್ ಮೆಮೊರಿಯನ್ನೂ 100 ವಾಟ್-ಗಂಟೆಯ ಬ್ಯಾಟರಿಯನ್ನೂ ಪಡೆಯಿತು. ಅದಕ್ಕಾಗಿ ಯಂತ್ರ ದಪ್ಪವಾದದ್ದು ಮುಕ್ಕಾಲು ಮಿಲಿಮೀಟರಿಗಿಂತ ತುಸು ಕಡಿಮೆ. ಅಸಾಧ್ಯವೆಂದು ತೋರಿದ್ದು ಇಷ್ಟು ತೆಳುವಾದ ಅಂತರದ ಮೇಲೆ ನಿಂತಿತ್ತು.

2020ರ ನಂತರ ಆಪಲ್ ಸ್ವಂತ ಪ್ರೊಸೆಸರುಗಳಿಗೆ ಬದಲಾಯಿತು. ಮಿತವ್ಯಯಿ ಮೆಮೊರಿಯೊಂದಿಗೆ 2021ರಲ್ಲಿ 64 ಗಿಗಾಬೈಟ್, 2023ರಲ್ಲಿ 128 ಗಿಗಾಬೈಟ್ ಸಾಧ್ಯವಾದವು. ಬ್ಯಾಟರಿಯ ಆಯುಷ್ಯ ಕುಗ್ಗುವ ಬದಲು ಹಿಗ್ಗಿತು. ಹಳೆಯ ವಿವಾದ ಭೌತಿಕವಾಗಿ ಬಗೆಹರಿದಂತಾಯಿತು. ಆದರೆ ಆ ಮೆಮೊರಿ ಈಗ ಪ್ರೊಸೆಸರಿನ ಕವಚದೊಳಗೇ ಸೇರಿಹೋಗಿರುವುದರಿಂದ, ಬಳಸುವವರ ಕೈಗೆ ಅದು ಮೊದಲಿಗಿಂತಲೂ ದೂರ. ಇನ್ನೊಂದೆಡೆ, 2023ರ ಡಿಸೆಂಬರಿನಲ್ಲಿ ಜೆಡೆಕ್ ಎಂಬ ಮಾನಕ ಸಂಸ್ಥೆ ತೆಗೆದು ಹಾಕಬಹುದಾದ ಮಿತವ್ಯಯಿ ಮೆಮೊರಿಗೆ ಮಾನಕವೊಂದನ್ನು ಪ್ರಕಟಿಸಿತು. ಮರುವರ್ಷ ಲೆನೊವೊ ಸಂಸ್ಥೆ ಥಿಂಕ್‌ಪ್ಯಾಡ್ ಪಿ1 ಯಂತ್ರದಲ್ಲಿ ಅದನ್ನು ಅಳವಡಿಸಿ ಮಾರಿತು. ಮಿತವ್ಯಯ ಬೇಕೆಂದರೆ ಬೆಸುಗೆ ಅನಿವಾರ್ಯವೆಂಬ ಮಾತಿಗೂ ಹೀಗೆ ಒಂದು ಅಪವಾದ ದೊರೆತಂತಾಯಿತು.

ಬಂಧುಗಳೆ, ಈ ಚರಿತ್ರೆಯಿಂದ ನನಗೆ ತೋರುವುದಿಷ್ಟು. ಸೋರುವ ಗಡಿಗೆಯನ್ನು ತುಂಬುತ್ತಿರಲೇಬೇಕೆಂಬುದು ಪ್ರಕೃತಿಯ ನಿಯಮ. 100 ವಾಟ್-ಗಂಟೆಯ ಗೆರೆ ಸುರಕ್ಷತೆಗಾಗಿ ಸಮಾಜ ಮಾಡಿಕೊಂಡ ನಿಯಮ. ಇವೆರಡರ ನಡುವೆ ಉಳಿದದ್ದೆಲ್ಲ ಆಯ್ಕೆ. ಆಯ್ಕೆ ಮಾಡುವುದು ತಯಾರಕರ ಹಕ್ಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆಯ್ಕೆಯನ್ನು ನಿಯಮವೆಂಬಂತೆ ನಿರೂಪಿಸಿದಾಗ, ಆ ಉಪಕರಣದಿಂದ ಅನ್ನ ಸಂಪಾದಿಸುವವರು ಕೂಡಿಸಿ ಕಳೆದು ಪ್ರಶ್ನೆ ಕೇಳಬೇಕಾಗುತ್ತದೆ. 2016ರಲ್ಲಿ ಹಾಗೆ ಕೇಳಿದವರನ್ನು ಗೊಣಗುವವರೆಂದು ಹಲವರು ಹಾಸ್ಯ ಮಾಡಿದರು. ಮೂರು ವರ್ಷಗಳಲ್ಲಿ ಅವರು ಕೇಳಿದ್ದೆಲ್ಲವೂ ಮಾರುಕಟ್ಟೆಯಲ್ಲಿತ್ತು. ನಮ್ಮಲ್ಲಿ ಅನೇಕರು ಇಂತಹ ಯಂತ್ರಗಳನ್ನು ಬಳಸುವವರು. ಕೆಲವರು ಅವನ್ನು ವಿನ್ಯಾಸಗೊಳಿಸುವವರೂ ಹೌದು. ಇಬ್ಬರೂ ಈ ಕಥೆಯನ್ನು ನೆನಪಿನಲ್ಲಿಟ್ಟುಕೊಳ್ಳಲಿ ಎಂದು ಆಶಿಸುತ್ತೇನೆ.