ಕೀಲಿಮಣೆಯೂ ಶ್ರುತಿಪೆಟ್ಟಿಗೆಯೂ

ಕುಂದಾಪುರಕ್ಕೆ ದಕ್ಷಿಣದಲ್ಲಿ, ಕಡಲಿಗೆ ಸಮೀಪವಾಗಿ, ಕೋಟಿಲಿಂಗೇಶ್ವರನ ಸನ್ನಿಧಿಯಿಂದಲೂ ವಿಶಾಲವಾದ ಕೋಟಿತೀರ್ಥದಿಂದಲೂ ಪ್ರಸಿದ್ಧವಾಗಿರುವ ಕೋಟೇಶ್ವರವು ಪರಶುರಾಮಸೃಷ್ಟಿಯ ಏಳು ಮುಕ್ತಿಕ್ಷೇತ್ರಗಳಲ್ಲೊಂದೆಂದು ಎಣಿಸಲ್ಪಟ್ಟಿದೆ. ಅಲ್ಲಿ ವೃಶ್ಚಿಕಮಾಸದ ಹುಣ್ಣಿಮೆಗೆ ನಡೆಯುವ ರಥೋತ್ಸವವನ್ನು ಜನರು ಕೊಡಿಹಬ್ಬವೆಂದು ಕರೆಯುವರು. ಹೊಸದಾಗಿ ಮದುವೆಯಾದವರು ಅಂದು ಕಬ್ಬಿನ ಕೊಡಿಯನ್ನು ಮನೆಗೆ ಒಯ್ಯುವ ವಾಡಿಕೆಯುಂಟು. ಮಳೆಗಾಲ ಕಳೆದು ಈ ಹಬ್ಬವು ಬರುವ ಹೊತ್ತಿಗೆ ಯಕ್ಷಗಾನ ಮೇಳಗಳ ತಿರುಗಾಟವೂ ಮೊದಲಾಗುತ್ತದೆ. ಮಂದಾರ್ತಿ, ಮಾರಣಕಟ್ಟೆ ಮೊದಲಾದ ದೇವಸ್ಥಾನಗಳ ಮೇಳಗಳು ಹರಕೆಯಾಟಗಳಿಗಾಗಿ ಊರೂರು ಸಂಚರಿಸುವ ಈ ಸೀಮೆಯಲ್ಲಿ ಸಂಗೀತವೆಂದರೆ ಬಹುಮಟ್ಟಿಗೆ ಭಾಗವತನ ಸಂಗೀತವೇ ಸರಿ. ಅದರ ವಾದ್ಯಗಳನ್ನು ವಿಚಾರಿಸುವವರು ಚಂಡೆ ಮದ್ದಳೆಗಳಿಗೆ ಕೊಡುವ ಗಮನವನ್ನು ಶ್ರುತಿಗೆ ಕೊಡುವುದು ಕಡಮೆ. ಶ್ರುತಿಯವನು ಹಿಂದೆ ಕುಳಿತು ಒಂದೇ ನಾದವನ್ನು ಇರುಳೆಲ್ಲ ಹಿಡಿದಿರುತ್ತಾನೆ. ಅವನ ಕೈಚಳಕವನ್ನು ಹೊಗಳಲು ಅಲ್ಲಿ ಅವಕಾಶವೇ ಇಲ್ಲ. ಆದರೆ ಗಣಕಯಂತ್ರದ ಕೀಲಿಮಣೆಯನ್ನೇ ವಾದ್ಯವಾಗಿ ನುಡಿಸುವ ಈಚಿನ ಪದ್ಧತಿಯು ವಾದ್ಯವೆನಿಸಿಕೊಳ್ಳಲು ಅರ್ಹವೋ, ಬರಿಯ ಆಟಿಕೆಯೋ ಎಂಬ ವಿವಾದವನ್ನು ತೀರ್ಮಾನಿಸಬೇಕಾದರೆ, ಈ ಶ್ರುತಿಯವನ ಚರಿತ್ರೆಯಷ್ಟು ನೆರವಾಗುವ ಸಾಮಗ್ರಿ ಬೇರೆ ದೊರೆಯದು.

ಪೂರ್ವದಲ್ಲಿ ಬಯಲಾಟಕ್ಕೆ ಶ್ರುತಿಯನ್ನು ಕೊಡುತ್ತಿದ್ದುದು ಪುಂಗಿ. ಸೋರೆಯ ಬುರುಡೆಗೆ ನಾಲಗೆಯುಳ್ಳ ಕೊಳವೆಯನ್ನು ಸಿಕ್ಕಿಸಿ, ಉಸಿರು ಕಡಿಯದಂತೆ ಊದುವ ವಾದ್ಯವಿದು. ಇದರ ಸ್ಥಾನಕ್ಕೆ ಹಾರ್ಮೋನಿಯಂ ಬಂದಿತು. ಪ್ಯಾರಿಸ್ ನಗರದಲ್ಲಿ ಅಲೆಕ್ಸಾಂಡರ್ ದೆಬೇನನು ೧೮೪೨ರಲ್ಲಿ ಈ ಹೆಸರಿನಿಂದ ಸನ್ನದು ಪಡೆದ ಯಂತ್ರವು ಕಾಲಿನಿಂದ ತಿದಿಯೊತ್ತುವಂಥದು. ಕುರ್ಚಿಯಲ್ಲಿ ಕುಳಿತು ನುಡಿಸಬೇಕಾದುದು. ಕಲಕತ್ತೆಯ ದ್ವಾರಕಾನಾಥ ಘೋಷರು ೧೯ನೆಯ ಶತಮಾನದ ಕೊನೆಯ ಕಾಲುಭಾಗದಲ್ಲಿ ಅದನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ ಇನ್ನೊಂದರಿಂದ ನುಡಿಸುವಂತೆ ಮಾರ್ಪಡಿಸಿದ ಮೇಲೆ, ಅದು ಭಜನಮಂದಿರಕ್ಕೂ ನಾಟಕಶಾಲೆಗೂ ಬಯಲಾಟದ ರಂಗಸ್ಥಳಕ್ಕೂ ಹೊಕ್ಕಿತು. ವೃತ್ತಿನಾಟಕ ಕಂಪೆನಿಗಳಲ್ಲಿ ಅದು ಗಾಯಕನ ಸರಿಸಮಾನನಾದ ಜತೆಗಾರ. ಯಕ್ಷಗಾನದಲ್ಲಾದರೋ ಷಡ್ಜಪಂಚಮಗಳ ಮನೆಗಳನ್ನು ಅದುಮಿಹಿಡಿದು ತಿದಿಯೊತ್ತುವುದೇ ಅದರ ಕೆಲಸ. ಅಷ್ಟೂ ಮನೆಗಳಿರುವ ಪೆಟ್ಟಿಗೆಯನ್ನು ಹೊತ್ತುತಂದು ಎರಡನ್ನು ಮಾತ್ರ ಬಳಸುವುದು ವಿಚಿತ್ರವಾಗಿ ಕಂಡರೂ ಅದರಲ್ಲಿ ವಿವೇಕವಿತ್ತು. ಪುಂಗಿಯ ಬುರುಡೆಗೆ ಒಂದೇ ಶ್ರುತಿ. ಪೆಟ್ಟಿಗೆಯಲ್ಲಿಯಾದರೆ ಭಾಗವತರು ಬದಲಾದಂತೆ ಮನೆಯನ್ನು ಬದಲಿಸಿಕೊಂಡರಾಯಿತು.

ಇದರಿಂದ ಭಾಷೆಗೆ ಒದಗಿದ ಲಾಭವೊಂದುಂಟು. ಭಾಗವತರು ತಮ್ಮ ಶ್ರುತಿಯನ್ನು ‘ಕಪ್ಪು ಎರಡು’, ‘ಬಿಳಿ ಐದು’ ಎಂದು ಹೇಳುವರು; ಕರ್ಣಾಟಕಸಂಗೀತದವರು ‘ಒಂದು ಮನೆ’, ‘ಐದು ಮನೆ’ ಎನ್ನುವರು. ಮನುಷ್ಯನ ಕಂಠಕ್ಕೆ ಕಪ್ಪೂ ಇಲ್ಲ, ಬಿಳುಪೂ ಇಲ್ಲ. ಪರದೇಶದ ಪೆಟ್ಟಿಗೆಯ ಹಲಗೆಗಳ ಬಣ್ಣವು ದೇಶೀಯ ಕಂಠಗಳ ಅಳತೆಗೋಲಾಗಿ ನಿಂತಿತು. ವಾದ್ಯವನ್ನು ನಿಂದಿಸಿದವರೂ ಅದರ ಲೆಕ್ಕವನ್ನು ಬಿಡಲಿಲ್ಲ.

ನಿಂದಿಸಿದವರಾದರೋ ಸಾಮಾನ್ಯರಲ್ಲ. ರವೀಂದ್ರನಾಥ ಠಾಕೂರರು ಹಾರ್ಮೋನಿಯಮ್ಮಿನ ವಿರೋಧಿಗಳು. ಆಕಾಶವಾಣಿಯ ದಿಲ್ಲಿ ಕೇಂದ್ರದಲ್ಲಿ ಪಾಶ್ಚಾತ್ಯಸಂಗೀತ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಜಾನ್ ಫೋಲ್ಡ್ಸ್ ಎಂಬ ಆಂಗ್ಲ ವಾಗ್ಗೇಯಕಾರನೂ ಅದರ ಮೇಲೆ ಕತ್ತಿ ಮಸೆದವನೇ. ೧೯೪೦ರ ಮಾರ್ಚಿ ತಿಂಗಳಿಂದ ಆಕಾಶವಾಣಿಯಲ್ಲಿ ಅದಕ್ಕೆ ಬಹಿಷ್ಕಾರವಾಯಿತು; ೧೯೭೧ರವರೆಗೆ ಅದು ಸಡಿಲಲಿಲ್ಲ. ಆಕ್ಷೇಪಗಳು ಮುಖ್ಯವಾಗಿ ಎರಡು. ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದ ಸ್ವರಗಳು ನಮ್ಮ ಸ್ವರಸ್ಥಾನಗಳಿಗೆ ಹೊಂದವು ಎಂಬುದು ಮೊದಲನೆಯದು. ಒಂದು ಮನೆಯಿಂದ ಇನ್ನೊಂದಕ್ಕೆ ಹಾರುವ ಸ್ವರಕ್ಕೆ ಗಮಕವಿಲ್ಲ ಎಂಬುದು ಎರಡನೆಯದು. ಎರಡೂ ನಿಜವೇ. ಸ್ಥಾಯಿಯನ್ನು ೧೨೦೦ ಅಂಶಗಳಾಗಿ ಎಣಿಸಿದರೆ ಐದಕ್ಕೆ ನಾಲ್ಕರ ಪ್ರಮಾಣದ ಅಂತರಗಾಂಧಾರವು ಸುಮಾರು ೩೮೬ರಲ್ಲಿ ನಿಲ್ಲಬೇಕು; ಪೆಟ್ಟಿಗೆಯದು ೪೦೦ರಲ್ಲಿದೆ. ಪಂಚಮದ ತಪ್ಪು ಕೇವಲ ಎರಡು ಅಂಶ. ಷಡ್ಜಪಂಚಮಗಳನ್ನು ಮಾತ್ರ ಹಿಡಿಯುವ ಯಕ್ಷಗಾನದ ಪೆಟ್ಟಿಗೆಗೆ ಮೊದಲನೆಯ ಆಕ್ಷೇಪವು ಹೆಚ್ಚುಕಡಮೆ ತಗಲುವುದೇ ಇಲ್ಲ. ಎರಡನೆಯದಂತೂ ಸರ್ವಥಾ ತಗಲದು, ಶ್ರುತಿಗೆ ಗಮಕವೆಲ್ಲಿಯದು? ರಂಗಸ್ಥಳದವರು ಆ ವಾದ್ಯವನ್ನು ಅದರ ದೋಷಗಳು ಕಾಣದ ಮೂಲೆಯಲ್ಲಿ ಕೂರಿಸಿದ್ದರು.

ಕೋಟೇಶ್ವರಕ್ಕೆ ದಕ್ಷಿಣದ ಕೋಟದಲ್ಲಿ ೧೯೦೨ರಲ್ಲಿ ಜನಿಸಿದ ಶಿವರಾಮ ಕಾರಂತರು ಯಕ್ಷಗಾನವನ್ನು ನೃತ್ಯರೂಪಕವಾಗಿ ಪರಿಷ್ಕರಿಸಿದಾಗ ಹಿಮ್ಮೇಳಕ್ಕೆ ಸೇರಿಸಿದ ಪರದೇಶದ ವಾದ್ಯಗಳು ಪಿಟೀಲು ಮತ್ತು ಸ್ಯಾಕ್ಸೊಫೋನ್. ಅವರ ಆಯ್ಕೆಗೆ ಕಾರಣಗಳು ಏನೇ ಇರಲಿ, ಎರಡೂ ಸ್ವರವನ್ನು ಎಳೆಯಬಲ್ಲ, ಬಾಗಿಸಬಲ್ಲ ವಾದ್ಯಗಳೆಂಬುದು ಗಮನಾರ್ಹ. ನಾರಣಪ್ಪ ಉಪ್ಪೂರರ ಶಿಷ್ಯರಾದ ಗುಂಡ್ಮಿ ಕಾಳಿಂಗ ನಾವಡರು (೧೯೫೮–೧೯೯೦) ಹೊಸ ಹೊಸ ರಾಗಗಳನ್ನು ಪದ್ಯಗಳಿಗೆ ತಂದು ಜನಪ್ರಿಯರಾದ ಕಾಲಕ್ಕೆ ನಿಷ್ಕಂಪವಾದ ಶ್ರುತಿಯ ಅಗತ್ಯವು ಹೆಚ್ಚಿತೆಂದೇ ಹೇಳಬೇಕು. ಅಷ್ಟರಲ್ಲಿ ವಿದ್ಯುತ್ತಿನ ಶ್ರುತಿಪೆಟ್ಟಿಗೆಯು ಬಂದಿತ್ತು. ಬೆಂಗಳೂರಿನಲ್ಲಿ ಯಂತ್ರಶಿಲ್ಪಿಯೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣರು ೧೯೭೯ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ನಿರ್ಮಿಸಿದರು. ತಿದಿಯೊತ್ತುವ ಕೈ ಬೇಕಿಲ್ಲ, ಮನೆಯನ್ನು ಅದುಮುವ ಬೆರಳು ಬೇಕಿಲ್ಲ. ಗುಂಡಿಯನ್ನು ತಿರುಗಿಸಿದರೆ ಸಾಕು. ಹಾರ್ಮೋನಿಯಮ್ಮಿನವನು ಎದ್ದುಹೋದ ಜಾಗದಲ್ಲಿ ಈ ಪೆಟ್ಟಿಗೆ ಕುಳಿತುಕೊಂಡಿತು. ಆಮೇಲೆ ಅದೇ ಕೆಲಸವನ್ನು ಕೈಫೋನಿನೊಳಗಣ ತಂತ್ರಾಂಶವೂ ಮಾಡತೊಡಗಿತು.

ಇನ್ನು ಕೀಲಿಮಣೆಯ ವಿಚಾರ. ಅಕ್ಷರ ಹೊಡೆಯುವ ಹಲಗೆಯನ್ನು ಸಂಗೀತಕ್ಕೆ ಉಪಯೋಗಿಸುವುದು ಅಸ್ವಾಭಾವಿಕವೆಂದು ಹಲವರು ಭಾವಿಸುತ್ತಾರೆ. ಚರಿತ್ರೆಯು ಇದಕ್ಕೆ ವಿರುದ್ಧವಾಗಿದೆ. ೧೮೫೫ರ ಸುಮಾರಿಗೆ ಅಕ್ಷರಗಳನ್ನೇ ಅಚ್ಚಿಸುವ ತಂತಿಯಂತ್ರವನ್ನು ರಚಿಸಿದ ಡೇವಿಡ್ ಹ್ಯೂಸ್ ಎಂಬವನು ಅಮೆರಿಕದ ಕೆಂಟಕಿಯಲ್ಲಿ ಸಂಗೀತದ ಉಪಾಧ್ಯಾಯನಾಗಿದ್ದವನು. ಅವನ ಯಂತ್ರಕ್ಕಿದ್ದುದು ಪಿಯಾನೊದ ಮನೆಗಳೇ. ಕ್ರಿಸ್ಟೊಫರ್ ಶೋಲ್ಸನು ಜತೆಗಾರರೊಡನೆ ೧೮೬೮ರಲ್ಲಿ ಸನ್ನದು ಪಡೆದ ಬೆರಳಚ್ಚುಯಂತ್ರದ ಚಿತ್ರದಲ್ಲಿಯೂ ಪಿಯಾನೊದಂತಹ ಹಲಗೆ ಕಾಣುತ್ತದೆ. ಗುಂಡು ಗುಂಡಾದ ಕೀಲಿಗಳ ಸಾಲುಗಳು ಬಂದುದು ಅನಂತರ. ೧೮೭೪ರಲ್ಲಿ ಮಾರಾಟಕ್ಕೆ ಬಂದ ಯಂತ್ರದಲ್ಲಿ ಅವು ನೆಲೆಗೊಂಡುವು. ಅಕ್ಷರವು ಸಂಗೀತದಿಂದ ತಂದ ಕಡವನ್ನು ಒಂದು ಶತಮಾನ ಕಳೆದ ಮೇಲೆ ಹಿಂದಿರುಗಿಸಿತು ಎನ್ನಬಹುದು.

ಹಿಂದಿರುಗಿಸಿದ ಬಗೆ ಹೀಗೆ. ೧೯೮೩ರಲ್ಲಿ ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮುಂತಾದವರ ಪ್ರಯತ್ನದಿಂದ ‘ಮಿಡಿ’ ಎಂಬ ಸಂಕೇತಪದ್ಧತಿಯು ಹೊರಟಿತು. ಅದು ಆಂಗ್ಲಪದಗಳ ಮೊದಲಕ್ಷರಗಳಿಂದಾದ ಹೆಸರು. ತಂತಿಯನ್ನು ಮಿಡಿಯುವ ಕನ್ನಡದ ಧಾತುವಿನೊಡನೆ ಕೂಡಿಬಂದುದು ಕಾಕತಾಳೀಯವಾದರೂ ಕಿವಿಗೆ ಇಂಪಾಗಿದೆ. ಯಾವ ಮನೆ ಒತ್ತಲ್ಪಟ್ಟಿತು, ಎಷ್ಟು ಬಿರುಸಿನಿಂದ, ಯಾವಾಗ ಬಿಡಲ್ಪಟ್ಟಿತು ಎಂಬುದನ್ನು ಅದು ಅಂಕೆಗಳಲ್ಲಿ ತಿಳಿಸುತ್ತದೆ. ಬಿರುಸಿಗೆ ೦ಯಿಂದ ೧೨೭ರವರೆಗೆ ಅಂಕೆಗಳುಂಟು. ಇದಕ್ಕಾಗಿ ತಯಾರಾದ ವಾದ್ಯಫಲಕಗಳು ಎಲ್ಲರ ಕೈಗೆ ಎಟಕುವಂತಿರಲಿಲ್ಲ. ೧೯೮೭ರಲ್ಲಿ ಕಾರ್ಸ್ಟನ್ ಒಬಾರ್ಸ್ಕಿ ಎಂಬ ಜರ್ಮನನು ಅಮಿಗಾ ಗಣಕಕ್ಕಾಗಿ ಬರೆದ ಸೌಂಡ್‌ಟ್ರ್ಯಾಕರ್ ಎಂಬ ತಂತ್ರಾಂಶದಲ್ಲಿ ಅಕ್ಷರದ ಕೀಲಿಗಳಿಂದಲೇ ಸ್ವರಗಳನ್ನು ಹಾಕುವ ಕ್ರಮವಿತ್ತು. ೧೯೯೯ರಿಂದೀಚೆಗೆ ವಾದ್ಯಗಳೇ ತಂತ್ರಾಂಶರೂಪದಲ್ಲಿ ಗಣಕದೊಳಕ್ಕೆ ಬಂದ ಮೇಲೆ ಈ ಕ್ರಮವು ಸಾರ್ವತ್ರಿಕವಾಯಿತು. ಬೆಲೆಯಿಲ್ಲದೆ ದೊರೆಯುವ ಎಲ್‌ಎಂಎಂಎಸ್ ಮೊದಲಾದವುಗಳಲ್ಲಿಯೂ ಅದುಂಟು.

ಅದರ ರಚನೆಯು ಚಮತ್ಕಾರವಾದುದು. ಕೀಲಿಮಣೆಯ ಕೆಳಸಾಲಿನಲ್ಲಿ ಜಡ್, ಎಕ್ಸ್, ಸಿ, ವಿ, ಬಿ, ಎನ್, ಎಂ ಎಂದು ಅಕ್ಷರಗಳು ಸರಿಯಾಗಿ ಏಳು. ಇವೇ ಬಿಳಿಯ ಮನೆಗಳು. ಜಡ್ ಷಡ್ಜವಾದರೆ ಎಂ ಕಾಕಲಿನಿಷಾದ, ಇಡಿಯ ಸಾಲು ಧೀರಶಂಕರಾಭರಣದ ಆರೋಹಣ. ಮೇಲಿನ ಸಾಲಿನ ಎಸ್, ಡಿ, ಜಿ, ಎಚ್, ಜೆ ಎಂಬವು ಕರಿಯ ಮನೆಗಳು. ನಡುವಣ ಎಫ್ ಮೂಕ. ಅಂತರಗಾಂಧಾರಕ್ಕೂ ಶುದ್ಧಮಧ್ಯಮಕ್ಕೂ ನಡುವೆ ಮನೆಯಿಲ್ಲವಷ್ಟೆ. ಜಡ್, ಎಕ್ಸ್, ಸಿ, ಬಿ, ಎನ್ ಎಂದು ಒತ್ತಿದರೆ ಮೋಹನ. ಮೇಲ್ಸ್ಥಾಯಿಗೆ ಕ್ಯೂ ಮೊದಲಾಗಿ ಮೇಲುಸಾಲು ಒದಗುತ್ತದೆ, ಅಂಕೆಗಳು ಅದರ ಕರಿಯ ಮನೆಗಳಾಗುತ್ತವೆ. ಗ್ಯಾರೇಜ್‌ಬ್ಯಾಂಡ್ ಎಂಬುದರಲ್ಲಿ ಮಾತ್ರ ಎ ಅಕ್ಷರದ ನಡುಸಾಲನ್ನು ಬಿಳಿಯ ಮನೆಗಳಾಗಿ ಹಿಡಿದಿದ್ದಾರೆ.

ಕೀಲಿಗೆ ತನ್ನದೇ ಆದ ಅಕ್ಷರವಿಲ್ಲ ಎಂಬ ತತ್ತ್ವವೇ ಇದಕ್ಕೆಲ್ಲ ಆಧಾರ. ಇಷ್ಟನೆಯ ಕೀಲಿ ಒತ್ತಿತು, ಬಿಟ್ಟಿತು ಎಂಬಷ್ಟನ್ನು ಮಾತ್ರ ಮಣೆಯು ತಿಳಿಸುತ್ತದೆ. ಅರ್ಥವನ್ನು ಕೊಡುವುದು ತಂತ್ರಾಂಶ. ಕರಾವಳಿಯವರಿಗೆ ಇದು ಹೊಸ ಪಾಠವಲ್ಲ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ರೋಮನ್ ಕೀಲಿಮಣೆಯನ್ನು ಬದಲಿಸದೆಯೇ ಅದರಿಂದ ಕನ್ನಡವನ್ನು ಬರೆಸುವ ಧ್ವನ್ಯನುಸಾರಿ ವಿನ್ಯಾಸವನ್ನು ರಚಿಸಿದರು. ಕರ್ಣಾಟಕ ಸರ್ಕಾರವು ಅದನ್ನೇ ಶಿಷ್ಟವೆಂದು ಅಂಗೀಕರಿಸಿತು. ಅದರಲ್ಲಿ ಕೆ ಒತ್ತಿದರೆ ಕಕಾರ. ಒತ್ತಕ್ಷರವನ್ನು ಕೂಡಿಸುವ ಕೆಲಸ ಎಫ್ ಕೀಲಿಯದು. ಅಕ್ಷರದಲ್ಲಿ ವ್ಯಂಜನಗಳನ್ನು ಬೆಸೆಯುವ ಅದೇ ಎಫ್ ಸ್ವರದಲ್ಲಿ ಮೌನವನ್ನು ತಾಳಿರುವುದನ್ನು ವಾಚಕರು ಗಮನಿಸಬಹುದು.

ಕೀಲಿಮಣೆಯ ಮೇಲಣ ದೊಡ್ಡ ಆಕ್ಷೇಪವೆಂದರೆ ಅದಕ್ಕೆ ಬಿರುಸು ತಿಳಿಯದೆಂಬುದು. ಮೆಲ್ಲಗೆ ಒತ್ತಿದರೂ ಗುದ್ದಿದರೂ ತಂತ್ರಾಂಶವು ಒಂದೇ ಅಂಕೆಯನ್ನು ಹಾಕುತ್ತದೆ. ಪಿಯಾನೊ ಕಲಿಯುವವನಿಗೆ ಇದು ಮಾರಕವಾದ ಕೊರತೆ, ಒಪ್ಪಬೇಕಾದುದೇ. ಆದರೆ ಹಾರ್ಮೋನಿಯಮ್ಮಿನ ಮನೆಗೂ ಬಿರುಸು ತಿಳಿಯದಷ್ಟೆ! ಅಲ್ಲಿ ನಾದವನ್ನು ಹಿಗ್ಗಿಸಿ ಕುಗ್ಗಿಸುವುದು ತಿದಿಯ ಕೈಯೇ ಹೊರತು ಮನೆಯ ಬೆರಳಲ್ಲ; ಬೆರಳು ಗಾಳಿಯ ಬಾಗಿಲನ್ನು ತೆರೆದು ಮುಚ್ಚುವುದಿಷ್ಟೇ. ಆದಕಾರಣ ಅಕ್ಷರದ ಮಣೆಯು ಪಿಯಾನೊಗಿಂತ ಹಾರ್ಮೋನಿಯಮ್ಮಿಗೆ ಹತ್ತಿರದ ನಂಟು. ಕೊರತೆಯಿರುವುದು ತಿದಿಯದು, ಮೌಸಿನಿಂದ ನಾದದ ಪ್ರಮಾಣವನ್ನು ಏರಿಸಿಳಿಸಿ ಅದನ್ನು ಅಷ್ಟಿಷ್ಟು ತುಂಬಬಹುದು.

ಇದಕ್ಕಿಂತ ಕ್ಲೇಶಕರವಾದ ತೊಡಕುಗಳು ಬೇರೆ ಇವೆ. ಕೀಲಿಗಳು ಅಡ್ಡಸಾಲು ಉದ್ದಸಾಲುಗಳ ತಂತಿಬಲೆಯಲ್ಲಿ ಜೋಡಿಸಲ್ಪಟ್ಟಿರುವುದರಿಂದ, ಕೆಲವು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಒಂದು ಕೇಳಿಸುವುದೇ ಇಲ್ಲ. ಪಾಶ್ಚಾತ್ಯರ ಸ್ವರಮೇಳಕ್ಕೆ ಇದು ವಿಘ್ನ. ಒಂದೊಂದೇ ಸ್ವರವಾಗಿ ಸಾಗುವ ರಾಗಕ್ಕೆ ಅಷ್ಟಾಗಿ ಬಾಧಿಸದು. ವಿಳಂಬದ ಬಾಧೆಯಾದರೋ ಎಲ್ಲರಿಗೂ ಸಮಾನ. ಗಣಕವು ನಾದವನ್ನು ತುಣುಕು ತುಣುಕಾಗಿ ಕೂಡಿಟ್ಟು ಹೊರಕ್ಕೆ ಕಳುಹಿಸುತ್ತದೆ. ಸೆಕೆಂಡಿಗೆ ೪೪,೧೦೦ ಮಾದರಿಗಳ ಲೆಕ್ಕದಲ್ಲಿ ೫೧೨ ಮಾದರಿಗಳ ತುಣುಕಿಗೆ ಸುಮಾರು ಹನ್ನೆರಡು ಸಹಸ್ರಾಂಶ ಸೆಕೆಂಡು ಹಿಡಿಯುತ್ತದೆ. ಇದು ಹಲವು ಪಟ್ಟು ಬೆಳೆದರೆ ಬೆರಳು ಮುಂದೆ, ನಾದ ಹಿಂದೆ ಆಗಿ, ಮದ್ದಳೆಯೊಡನೆ ನುಡಿಸುವ ಮಾತು ದೂರವೇ ಉಳಿಯುತ್ತದೆ.

೧೯೪೦ರ ಎರಡು ಆಕ್ಷೇಪಗಳನ್ನು ಈಗ ಮತ್ತೆ ತೂಗಿನೋಡಬಹುದು. ಹಿತ್ತಾಳೆಯ ನಾಲಗೆಯನ್ನು ಅರದಿಂದ ಉಜ್ಜದ ಹೊರತು ಹಾರ್ಮೋನಿಯಮ್ಮಿನ ಗಾಂಧಾರವು ಕದಲದು. ಸ್ವರಸ್ಥಾನಗಳನ್ನು ತಿದ್ದಲು ಎಡೆಗೊಡುವ ತಂತ್ರಾಂಶದಲ್ಲಿಯಾದರೆ ಅದನ್ನು ಹದಿನಾಲ್ಕು ಅಂಶ ಇಳಿಸುವುದು ಒಂದು ಅಂಕೆಯ ಕೆಲಸ. ಸಮವಿಭಾಗದ ದೋಷವು ಹೀಗೆ ಪರಿಹಾರವಾಗುತ್ತದೆ. ಗಮಕದ ಕೊರತೆ ಹಾಗಲ್ಲ. ಹಿಂದಿನ ಕೀಲಿಯನ್ನು ಬಿಡದೆ ಮುಂದಿನದನ್ನು ಒತ್ತಿದಾಗ ಸ್ವರವು ಜಾರಿಕೊಂಡು ಹೋಗುವ ಏರ್ಪಾಡು ಕೆಲವು ತಂತ್ರಾಂಶಗಳಲ್ಲಿದೆ; ಆದರೆ ಜಾರುವ ವೇಗವು ಮೊದಲೇ ಗೊತ್ತುಮಾಡಿಟ್ಟದ್ದು, ಭಾವಕ್ಕೆ ತಕ್ಕಂತೆ ಬೆರಳು ಅದನ್ನು ಬದಲಿಸಲಾರದು. ಕರುಣದ ಪದ್ಯಕ್ಕೂ ವೀರದ ಪದ್ಯಕ್ಕೂ ಒಂದೇ ಜಾರು. ಭಾಗವತಿಕೆಯನ್ನು ಕಲಿಯುವವನು ಇಂತಹ ಮಣೆಯನ್ನೇ ಗುರುವೆಂದು ಹಿಡಿದರೆ ಕಂಠವು ಮೆಟ್ಟಲು ಮೆಟ್ಟಲಾಗಿ ನಡೆಯುವ ಅಪಾಯವುಂಟು. ಸ್ವರಸ್ಥಾನವನ್ನು ಗುರುತಿಸಿಕೊಳ್ಳಲೂ ರಾಗದ ಆರೋಹಣಾವರೋಹಣಗಳನ್ನು ಪರೀಕ್ಷಿಸಲೂ ಬಳಸಿದರೆ, ಪೆಟ್ಟಿಗೆಯನ್ನು ಕೊಳ್ಳಲಾರದ ಮನೆಯ ಹುಡುಗನಿಗೆ ಅದಕ್ಕಿಂತ ಸುಲಭವಾದ ಸಾಧನವಿಲ್ಲ. ಅಂತರ್ಜಾಲದ ಪುಟದಲ್ಲಿಯೇ ತೆರೆದುಕೊಂಡು ಅಕ್ಷರದ ಕೀಲಿಗಳಿಂದ ನುಡಿಸಬಹುದಾದ ಹಾರ್ಮೋನಿಯಂಗಳು ಈಗ ಯಾರಿಗೂ ಬೆಲೆಯಿಲ್ಲದೆ ದೊರೆಯುತ್ತವೆ.

ಶ್ರುತಿಯ ಹೆಸರುಗಳ ಗತಿಯೇನಾಯಿತೆಂಬುದನ್ನು ಹೇಳದೆ ಈ ವಿಚಾರವು ಮುಗಿಯದು. ಗಣಕದಲ್ಲಿ ಶ್ರುತಿಯನ್ನು ಬದಲಿಸಬೇಕಾದರೆ ಬೆರಳುಗಳು ಬೇರೆ ಮನೆಗಳಿಗೆ ಹೋಗಬೇಕಾಗಿಲ್ಲ. ತಂತ್ರಾಂಶವನ್ನು ಏರಿಸಿಳಿಸಿದರೆ ಷಡ್ಜವು ಎಂದೆಂದಿಗೂ ಜಡ್ ಕೀಲಿಯಲ್ಲಿಯೇ ಇರುತ್ತದೆ. ಕಪ್ಪುಬಿಳುಪುಗಳ ಲೆಕ್ಕಕ್ಕೆ ಹೀಗೆ ಆಧಾರವೇ ತಪ್ಪಿದೆ. ಆದರೂ ರಂಗಸ್ಥಳದ ಮಾತು ಬದಲಾಗಿಲ್ಲ. ವಿದ್ಯುತ್ತಿನ ಪೆಟ್ಟಿಗೆಯ ಮುಂದೆಯೂ ಕೈಫೋನಿನ ಮುಂದೆಯೂ ಭಾಗವತರು ಕೇಳುವುದು ‘ಕಪ್ಪು ಎರಡು’ ಎಂದೇ. ಬಹುಪಾಲು ಗಣಕಗಳ ಕೀಲಿಗಳೆಲ್ಲವೂ ಕಪ್ಪಾಗಿರುವುದರಿಂದ ‘ಬಿಳಿ ಒಂದು’ ಈಗ ಕರಿಯ ಕೀಲಿಯ ಮೇಲೆ ಕುಳಿತಿದೆ.