ಸಾರ್ವಜನಿಕ ಪ್ರಕಟಣಾ ಧ್ವನಿ ವ್ಯವಸ್ಥೆ

ಸಾರ್ವಜನಿಕ ಪ್ರಕಟಣಾ ಧ್ವನಿ ವ್ಯವಸ್ಥೆಯು ಒಬ್ಬರ ಮಾತನ್ನು ಅಥವಾ ಮೊದಲೇ ಧ್ವನಿಮುದ್ರಿಸಿದ ಸಂದೇಶವನ್ನು ವರ್ಧಿಸಿ, ಒಂದು ಕಟ್ಟಡದ ಇಲ್ಲವೇ ಬಯಲಿನ ಹಲವೆಡೆ ಅಳವಡಿಸಿದ ಸ್ಪೀಕರ್‌ಗಳ ಮೂಲಕ ಜನರಿಗೆ ತಲುಪಿಸುವ ಸಲಕರಣೆಗಳ ಜೋಡಣೆಯಾಗಿದೆ. ರೈಲು ನಿಲ್ದಾಣ, ವಿಮಾನ ನಿಲ್ದಾಣ, ಶಾಲೆ, ಆಸ್ಪತ್ರೆ, ಕಾರ್ಖಾನೆ ಮತ್ತು ಸಭಾಂಗಣಗಳಲ್ಲಿ ಇದು ಬಳಕೆಯಲ್ಲಿದೆ. ಆಡುಮಾತಿನಲ್ಲಿ ‘ಮೈಕ್‌ಸೆಟ್’ ಎಂಬ ಪದ ಇದಕ್ಕೂ ಸಲ್ಲುತ್ತದೆಯಾದರೂ, ಒಂದು ದಿನದ ಸಮಾರಂಭಕ್ಕೆ ಬಾಡಿಗೆಗೆ ತರುವ ಮೈಕ್‌ಸೆಟ್ಟಿಗೂ ವರ್ಷಗಟ್ಟಲೆ ತಾನಾಗಿ ಕೆಲಸ ಮಾಡಬೇಕಾದ ಸ್ಥಿರ ವ್ಯವಸ್ಥೆಗೂ ವಿನ್ಯಾಸದಲ್ಲಿ ಬಹಳ ಅಂತರವಿದೆ. ಇಂತಹ ವ್ಯವಸ್ಥೆಯ ಯೋಗ್ಯತೆಯನ್ನು ಮಾತು ಎಷ್ಟು ಸ್ಪಷ್ಟವಾಗಿ ಅರ್ಥವಾಗುತ್ತದೆ ಎಂಬುದರಿಂದ ಅಳೆಯಲಾಗುತ್ತದೆ. ಬೆಂಕಿ ಬಿದ್ದಾಗ ‘ಎಡಗಡೆಯ ಮೆಟ್ಟಿಲಿನಿಂದ ಇಳಿಯಿರಿ’ ಎಂಬ ಸೂಚನೆಯಲ್ಲಿ ‘ಎಡ’ ಎಂಬುದೊಂದು ಕೇಳಿಸದೆ ಹೋದರೂ, ಎಷ್ಟೇ ಜೋರಾದ ಧ್ವನಿ ನಿಷ್ಪ್ರಯೋಜಕ.

ಇತಿಹಾಸ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಎಂಬ ಇಂಜಿನಿಯರುಗಳು ಸುರುಳಿ ಚಲಿಸುವ ಬಗೆಯ ಧ್ವನಿವರ್ಧಕವನ್ನು ರೂಪಿಸಿ ಅದಕ್ಕೆ ‘ಮ್ಯಾಗ್ನವಾಕ್ಸ್’ ಎಂದು ಹೆಸರಿಟ್ಟರು. 1915ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದರ ಸಾರ್ವಜನಿಕ ಪ್ರದರ್ಶನ ನಡೆಯಿತು. 1919ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಸ್ಯಾನ್ ಡಿಯಾಗೊದ ಕ್ರೀಡಾಂಗಣದಲ್ಲಿ ಇದೇ ಸಾಧನದ ನೆರವಿನಿಂದ ಭಾರಿ ಜನಸ್ತೋಮವನ್ನು ಉದ್ದೇಶಿಸಿ ಮಾತನಾಡಿದರು. ಅದುವರೆಗೆ ಕೊನೆಯ ಸಾಲಿನವರಿಗೂ ಕೇಳುವಂತೆ ಕಂಠವನ್ನು ಪಳಗಿಸಿಕೊಳ್ಳುವುದು ಭಾಷಣಕಾರರಿಗೂ ನಾಟಕದ ನಟರಿಗೂ ಅನಿವಾರ್ಯವಾಗಿತ್ತು.

ಮಾತಿನ ಸ್ಪಷ್ಟತೆ

ಮಾತಿನ ಶಕ್ತಿಯ ಬಹುಪಾಲು ಸ್ವರಗಳಲ್ಲಿ, ಅಂದರೆ ಕೆಳಗಿನ ಆವೃತ್ತಿಗಳಲ್ಲಿ ಇರುತ್ತದೆ. ಆದರೆ ಒಂದು ಪದವನ್ನು ಇನ್ನೊಂದರಿಂದ ಬೇರ್ಪಡಿಸುವ ವ್ಯಂಜನಗಳ ಗುರುತು ಹೆಚ್ಚಾಗಿ 1,000ದಿಂದ 4,000 ಹರ್ಟ್ಸ್‌ಗಳ ನಡುವೆ ಅಡಗಿದೆ. ಈ ಭಾಗ ಮಸುಕಾದರೆ ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಕನ್ನಡದ ‘ಮೂರು’, ‘ನೂರು’, ‘ಆರು’ ಎಂಬ ಸಂಖ್ಯಾಪದಗಳು ಗದ್ದಲದಲ್ಲಿ ಒಂದರಂತೆ ಇನ್ನೊಂದು ಕೇಳಿಸುವುದಕ್ಕೆ ಇದೇ ಕಾರಣ. ಪ್ಲಾಟ್‌ಫಾರ್ಮ್ ಸಂಖ್ಯೆಯನ್ನು ಎರಡು ಬಾರಿ ಹೇಳುವ ರೂಢಿ ಅನಗತ್ಯವೇನಲ್ಲ.

ಸ್ಪಷ್ಟತೆಗೆ ಮುಖ್ಯ ಅಡ್ಡಿಗಳು ಎರಡು: ಸುತ್ತಲಿನ ಗದ್ದಲ ಮತ್ತು ಅನುರಣನ. ಪ್ರಕಟಣೆಯ ಧ್ವನಿಮಟ್ಟ ಗದ್ದಲಕ್ಕಿಂತ ಸುಮಾರು 10ರಿಂದ 15 ಡೆಸಿಬೆಲ್ ಮೇಲಿರಬೇಕೆಂಬುದು ಸಾಮಾನ್ಯ ನಿಯಮ. ಅನುರಣನಕ್ಕೆ ಈ ಪರಿಹಾರ ನಡೆಯದು, ಏಕೆಂದರೆ ಧ್ವನಿಯನ್ನು ಏರಿಸಿದಷ್ಟೂ ಗೋಡೆ ಮತ್ತು ಚಾವಣಿಗಳಿಂದ ಮರಳುವ ಧ್ವನಿಯೂ ಏರುತ್ತದೆ. ವಿಜಯಪುರದ ಗೋಲಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಬಾರಿ ಮರಳಿ ಕೇಳುವುದು ಸಂದರ್ಶಕರಿಗೆ ಬೆರಗಿನ ಸಂಗತಿ. ಪ್ರಕಟಣೆ ಮಾಡಬೇಕಾದವರಿಗೆ ಅಂತಹ ಜಾಗ ದುಃಸ್ವಪ್ನ.

ಸ್ಪಷ್ಟತೆಯನ್ನು ಅಳೆಯಲು ಮಾತಿನ ಪ್ರಸರಣ ಸೂಚ್ಯಂಕವನ್ನು ಬಳಸುತ್ತಾರೆ. ನೆದರ್ಲೆಂಡ್ಸ್‌ನ ಹೌಟ್‌ಗಾಸ್ಟ್ ಮತ್ತು ಸ್ಟೀನೆಕೆನ್ 1971ರಲ್ಲಿ ಮಂಡಿಸಿದ ವಿಧಾನದಿಂದ ಬೆಳೆದ ಈ ಸೂಚ್ಯಂಕವು 0ಯಿಂದ 1ರವರೆಗಿನ ಅಂಕೆಯಾಗಿದ್ದು, ತುರ್ತು ಪ್ರಕಟಣೆಗೆ ಸಾಮಾನ್ಯವಾಗಿ 0.5 ಅಥವಾ ಹೆಚ್ಚಿನ ಮೌಲ್ಯವನ್ನು ಅಪೇಕ್ಷಿಸಲಾಗುತ್ತದೆ.

ಸ್ಪೀಕರ್‌ಗಳ ಹಂಚಿಕೆ

ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಧ್ವನಿಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಆದ್ದರಿಂದ ಒಂದೇ ಕಡೆಯಿಂದ ಎಲ್ಲರಿಗೂ ಕೇಳಿಸಲು ಹೊರಟರೆ ಮುಂದಿನವರ ಕಿವಿಗೆ ಪೆಟ್ಟು, ಹಿಂದಿನವರಿಗೆ ಅಸ್ಪಷ್ಟ ಗೊಣಗು. ಹಲವು ಚಿಕ್ಕ ಸ್ಪೀಕರ್‌ಗಳನ್ನು ಕೇಳುಗರಿಗೆ ಹತ್ತಿರವಾಗಿ ಹಂಚುವುದು ಮೇಲು. 3 ಮೀಟರ್ ಎತ್ತರದ ಚಾವಣಿಯಲ್ಲಿ 90 ಡಿಗ್ರಿ ಕೋನಕ್ಕೆ ಧ್ವನಿ ಹರಡುವ ಸ್ಪೀಕರ್, ಕುಳಿತವರ ಕಿವಿಯ ಮಟ್ಟದಲ್ಲಿ (ನೆಲದಿಂದ 1.2 ಮೀಟರ್) ಸುಮಾರು 3.6 ಮೀಟರ್ ವ್ಯಾಸದ ವೃತ್ತವನ್ನು ಆವರಿಸುತ್ತದೆ. ಸ್ಪೀಕರ್‌ಗಳ ನಡುವಿನ ಅಂತರವನ್ನು ಈ ಲೆಕ್ಕದಿಂದಲೇ ನಿರ್ಧರಿಸುತ್ತಾರೆ.

ಹೀಗೆ ಹಂಚಿದ ಸ್ಪೀಕರ್‌ಗಳಿಗೆ ಉದ್ದನೆಯ ತಂತಿ ಬೇಕು. ತಂತಿಯಲ್ಲಿ ವ್ಯರ್ಥವಾಗುವ ಶಕ್ತಿ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೋಲ್ಟೇಜನ್ನು 100 ವೋಲ್ಟ್‌ಗೆ (ಅಮೆರಿಕದಲ್ಲಿ ಸುಮಾರು 70 ವೋಲ್ಟ್‌ಗೆ) ಏರಿಸಿ ಪ್ರವಾಹವನ್ನು ತಗ್ಗಿಸಲಾಗುತ್ತದೆ. 300 ವ್ಯಾಟ್ ಶಕ್ತಿಯನ್ನು 4 ಓಮ್ ಭಾರಕ್ಕೆ ಕೊಡಲು ಸುಮಾರು 8.7 ಆಂಪಿಯರ್ ಬೇಕಾದರೆ, 100 ವೋಲ್ಟ್ ಸಾಲಿನಲ್ಲಿ 3 ಆಂಪಿಯರ್ ಸಾಕು. ಅದೇ ತಂತಿಯಲ್ಲಿ ನಷ್ಟ ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಪ್ರತಿ ಸ್ಪೀಕರಿನ ಚಿಕ್ಕ ಟ್ರಾನ್ಸ್‌ಫಾರ್ಮರಿನಲ್ಲಿ 1.5, 3, 6 ವ್ಯಾಟ್ ಮುಂತಾದ ಆಯ್ಕೆಗಳಿರುತ್ತವೆ. ಈ ವ್ಯಾಟ್‌ಗಳನ್ನು ಕೂಡಿಸಿದರೆ ಸಾಲಿನ ಒಟ್ಟು ಭಾರ ಸಿಗುತ್ತದೆ. 30 ತರಗತಿಗಳಲ್ಲಿ ತಲಾ 6 ವ್ಯಾಟ್, ಅಂಗಳದಲ್ಲಿ 15 ವ್ಯಾಟಿನ ನಾಲ್ಕು ತುತ್ತೂರಿ ಸ್ಪೀಕರ್ ಇರುವ ಶಾಲೆಗೆ 240 ವ್ಯಾಟ್ ಬೇಕು. ಭಾರವು ಆಂಪ್ಲಿಫೈಯರಿನ ಸಾಮರ್ಥ್ಯದ ಶೇಕಡ 80ನ್ನು ಮೀರಬಾರದೆಂಬ ರೂಢಿಯಂತೆ 300 ವ್ಯಾಟಿನ ಆಂಪ್ಲಿಫೈಯರ್ ಆಯ್ದುಕೊಳ್ಳಬೇಕು. ಒಂದೇ ಸಾಲಿನಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದ 8 ಓಮ್ ಸ್ಪೀಕರೊಂದನ್ನು ಬೆರೆಸಿದರೆ, ಅದು ಇಡೀ ಸಾಲನ್ನೇ ಎಳೆದುಕೊಂಡು ಆಂಪ್ಲಿಫೈಯರಿಗೆ ಅಪಾಯ ತರುತ್ತದೆ. ದುರಸ್ತಿಯ ವೇಳೆ ಆಗುವ ತಪ್ಪುಗಳಲ್ಲಿ ಇದೂ ಒಂದು.

ಮಟ್ಟಗಳ ಹೊಂದಾಣಿಕೆ

ಹೊಂದಾಣಿಕೆ ಮೈಕ್ರೊಫೋನಿನಿಂದ ಆರಂಭವಾಗಿ ಸ್ಪೀಕರಿನ ಕಡೆಗೆ ಸಾಗಬೇಕು. ಸಾಮಾನ್ಯ ಮಾತಿನ ಮಟ್ಟಕ್ಕೂ ಸಂಕೇತ ಒಡೆಯುವ ಮಿತಿಗೂ ನಡುವೆ ಸುಮಾರು 20 ಡೆಸಿಬೆಲ್ ಅವಕಾಶ ಉಳಿಸಿ, ಆಂಪ್ಲಿಫೈಯರಿನ ಮಟ್ಟವನ್ನು ಕಟ್ಟಕಡೆಗೆ ಏರಿಸಲಾಗುತ್ತದೆ. ಮೊದಲ ಹಂತದಲ್ಲೇ ಒಡೆದ ಧ್ವನಿಯನ್ನು ಮುಂದಿನ ಯಾವ ಉಪಕರಣವೂ ಸರಿಪಡಿಸಲಾರದು.

ಸ್ಪೀಕರಿನ ಧ್ವನಿ ಮತ್ತೆ ಮೈಕ್ರೊಫೋನನ್ನು ಹೊಕ್ಕು ಸುತ್ತುತ್ತಾ ಬೆಳೆದಾಗ ಉಂಟಾಗುವ ಕೀರಲು ಕೂಗನ್ನು ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸನ್ ಹೆಸರಿನಿಂದ ಲಾರ್ಸನ್ ಪರಿಣಾಮ ಎಂದು ಕರೆಯುತ್ತಾರೆ. ಮೈಕ್ರೊಫೋನನ್ನು ಬಾಯಿಂದ 30 ಸೆಂಟಿಮೀಟರ್ ದೂರದಿಂದ 15ಕ್ಕೆ ತಂದರೆ 6 ಡೆಸಿಬೆಲ್ ಲಾಭ. ತೆರೆದಿರುವ ಮೈಕ್ರೊಫೋನುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ 3 ಡೆಸಿಬೆಲ್ ನಷ್ಟ. ವೇದಿಕೆಯಲ್ಲಿ ಬಳಸದ ಮೈಕ್ರೊಫೋನುಗಳನ್ನು ಮುಚ್ಚುವುದು ಬೆಲೆಬಾಳುವ ಉಪಕರಣಕ್ಕಿಂತ ಹೆಚ್ಚು ಫಲ ಕೊಡುವುದುಂಟು.

ಪ್ರೋಗ್ರಾಮಿಂಗ್

ಹಿಂದೆ ಗುಂಡಿ ಮತ್ತು ಸ್ವಿಚ್ಚುಗಳಿಂದ ನಡೆಯುತ್ತಿದ್ದ ನಿಯಂತ್ರಣವನ್ನು ಈಗ ಡಿಜಿಟಲ್ ಸಿಗ್ನಲ್ ಪ್ರೊಸೆಸರ್ ವಹಿಸಿಕೊಂಡಿದೆ. ಮಾತಿಗೆ ಬೇಡವಾದ, ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನ ಆವೃತ್ತಿಗಳನ್ನು ಆರಂಭದಲ್ಲೇ ಸೋಸಲಾಗುತ್ತದೆ. ಇದರಿಂದ ಮಾತು ತಿಳಿಯಾಗುವುದಲ್ಲದೆ ಸ್ಪೀಕರ್ ಟ್ರಾನ್ಸ್‌ಫಾರ್ಮರುಗಳ ತಿರುಳು ಪರ್ಯಾಪ್ತವಾಗುವುದೂ ತಪ್ಪುತ್ತದೆ.

ವಿಳಂಬದ ನಿಗದಿ ಮತ್ತೊಂದು ಮುಖ್ಯ ಕೆಲಸ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ವೇದಿಕೆಯಿಂದ 34 ಮೀಟರ್ ದೂರದ ಸ್ಪೀಕರಿಗೆ ವಿದ್ಯುತ್ ಸಂಕೇತ ತಕ್ಷಣವೇ ತಲುಪಿದರೆ, ವೇದಿಕೆಯ ಧ್ವನಿ 100 ಮಿಲಿಸೆಕೆಂಡ್ ತಡವಾಗಿ ಬಂದು ಪ್ರತಿಧ್ವನಿಯಂತೆ ಕೇಳಿಸುತ್ತದೆ. ಆದ್ದರಿಂದ ದೂರದ ಸ್ಪೀಕರನ್ನು ಅಷ್ಟು ಹೊತ್ತು ಮತ್ತು ಇನ್ನೊಂದು 10ರಿಂದ 20 ಮಿಲಿಸೆಕೆಂಡ್ ತಡೆಹಿಡಿಯುತ್ತಾರೆ. ಸುಮಾರು 30 ಮಿಲಿಸೆಕೆಂಡಿನೊಳಗೆ ಬರುವ ಎರಡು ಧ್ವನಿಗಳನ್ನು ಕಿವಿ ಒಂದೇ ಎಂದು ಗ್ರಹಿಸಿ, ಮೊದಲು ಬಂದ ದಿಕ್ಕನ್ನೇ ಮೂಲವೆಂದು ನಂಬುತ್ತದೆ. ಹೆಲ್ಮುಟ್ ಹಾಸ್ 1949ರ ತಮ್ಮ ಪ್ರಬಂಧದಲ್ಲಿ ಇದನ್ನು ವಿವರಿಸಿದರು. ಹೀಗಾಗಿ ಪಕ್ಕದ ಸ್ಪೀಕರಿನಿಂದ ಕೇಳುತ್ತಿದ್ದರೂ ಮಾತು ವೇದಿಕೆಯಿಂದಲೇ ಬಂದಂತೆ ಭಾಸವಾಗುತ್ತದೆ.

ಕಟ್ಟಡವನ್ನು ವಲಯಗಳಾಗಿ ವಿಂಗಡಿಸಿ ಪ್ರತಿಯೊಂದು ಮೂಲಕ್ಕೂ ಆದ್ಯತೆಯ ಕ್ರಮ ನಿಗದಿಪಡಿಸಲಾಗುತ್ತದೆ: ತುರ್ತು ಸಂದೇಶ ಎಲ್ಲಕ್ಕಿಂತ ಮೇಲೆ, ನಂತರ ನೇರ ಪ್ರಕಟಣೆ, ಬಳಿಕ ವೇಳಾಪಟ್ಟಿಯ ಗಂಟೆ, ಕೊನೆಗೆ ಹಿನ್ನೆಲೆ ಸಂಗೀತ. ಈ ಪಟ್ಟಿ ಸರಳವಾಗಿ ಕಂಡರೂ, ಎರಡು ಪ್ರಕಟಣೆಗಳು ಒಂದೇ ವಲಯಕ್ಕೆ ಏಕಕಾಲದಲ್ಲಿ ಬಂದಾಗ ಯಾವುದು ಕಾಯಬೇಕು, ತಡೆದ ಸಂದೇಶ ಮತ್ತೆ ಮೊದಲಿನಿಂದ ನುಡಿಯಬೇಕೇ ಎಂಬುದನ್ನು ಮುಂಚಿತವಾಗಿ ತೀರ್ಮಾನಿಸದಿದ್ದರೆ ಗೊಂದಲ ಖಚಿತ.

ಧ್ವನಿಮುದ್ರಿತ ತುಣುಕುಗಳನ್ನು ಜೋಡಿಸಿ ಪ್ರಕಟಣೆ ರಚಿಸುವ ವ್ಯವಸ್ಥೆಗಳಲ್ಲಿ ಭಾಷೆಯ ಸ್ವರೂಪವೂ ಗಣನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಊರಿನ ಹೆಸರು ಬದಲಾಗದೆ ಅದರ ಮುಂದೆ ಬೇರೆ ಪದ ಸೇರುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹೆಸರಿಗೇ ಅಂಟುತ್ತದೆ: ಬೆಂಗಳೂರಿನಿಂದ, ಬೆಂಗಳೂರಿಗೆ, ಮೈಸೂರಿನಿಂದ, ಮೈಸೂರಿಗೆ, ಹಾಸನದಿಂದ, ಹಾಸನಕ್ಕೆ. ಪ್ರತಿ ಊರನ್ನೂ ಬೇಕಾದ ವಿಭಕ್ತಿಗಳಲ್ಲಿ ಬೇರೆ ಬೇರೆ ಧ್ವನಿಮುದ್ರಿಸದೆ ಹೆಸರು ಮತ್ತು ಪ್ರತ್ಯಯಗಳನ್ನು ಕತ್ತರಿಸಿ ಅಂಟಿಸಿದರೆ ಮಾತು ಮುರಿದು, ಕೇಳುಗರು ಅರ್ಥಕ್ಕಾಗಿ ತಡಕಾಡಬೇಕಾಗುತ್ತದೆ.

ಪರೀಕ್ಷೆ ಮತ್ತು ನಿರ್ವಹಣೆ

ತುರ್ತು ಬಳಕೆಯ ವ್ಯವಸ್ಥೆಗಳಲ್ಲಿ ತಂತಿ ತುಂಡಾಗುವಿಕೆ, ಭೂಸ್ಪರ್ಶ ಮತ್ತು ಆಂಪ್ಲಿಫೈಯರ್ ವೈಫಲ್ಯವನ್ನು ಯಂತ್ರವೇ ಸತತವಾಗಿ ಗಮನಿಸುತ್ತದೆ. ವಿದ್ಯುತ್ ಕಡಿತವಾದರೆ ಬ್ಯಾಟರಿ ನೆರವಾಗುತ್ತದೆ. ಒಂದೇ ಜಾಗದ ಸ್ಪೀಕರ್‌ಗಳನ್ನು ಎರಡು ಸಾಲುಗಳಿಗೆ ಹಂಚಿ ಜೋಡಿಸುವುದರಿಂದ ಒಂದು ಸಾಲು ಕೆಟ್ಟರೂ ಆ ಜಾಗ ಪೂರ್ಣ ಮೌನವಾಗುವುದಿಲ್ಲ. ಖಾಲಿ ಕಟ್ಟಡದಲ್ಲಿ ಮಾಡಿದ ಪರೀಕ್ಷೆಯನ್ನು ಜನ ತುಂಬಿರುವಾಗ ಪುನರಾವರ್ತಿಸುವುದು ಅಗತ್ಯ. ಜನರ ಮೈ ಮತ್ತು ಬಟ್ಟೆ ಅನುರಣನವನ್ನು ತಗ್ಗಿಸುತ್ತವೆ, ಅವರ ಮಾತು ಗದ್ದಲವನ್ನು ಏರಿಸುತ್ತದೆ.

ಭಾರತದಲ್ಲಿ ಕಾನೂನು

ಶಬ್ದ ಮಾಲಿನ್ಯ (ನಿಯಂತ್ರಣ ಮತ್ತು ನಿರ್ವಹಣೆ) ನಿಯಮಗಳು, 2000ರ ಪ್ರಕಾರ ಧ್ವನಿವರ್ಧಕ ಬಳಕೆಗೆ ಪ್ರಾಧಿಕಾರದ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಳಕೆ ನಿಷಿದ್ಧ. ಸಭಾಂಗಣದಂತಹ ಮುಚ್ಚಿದ ಸ್ಥಳಗಳ ಒಳಗಿನ ಸಂವಹನಕ್ಕೂ ಸಾರ್ವಜನಿಕ ತುರ್ತು ಸನ್ನಿವೇಶಕ್ಕೂ ವಿನಾಯಿತಿಯಿದೆ. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಧ್ವನಿಮಟ್ಟ ಆ ಪ್ರದೇಶದ ನಿಗದಿತ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವೆರಡರಲ್ಲಿ ಕಡಿಮೆಯಾದುದನ್ನು ಮೀರುವಂತಿಲ್ಲ. ವಸತಿ ಪ್ರದೇಶದ ನಿಗದಿತ ಮಿತಿ ಹಗಲಿನಲ್ಲಿ 55, ರಾತ್ರಿ 45 ಡೆಸಿಬೆಲ್. ಗಡಿಯಲ್ಲಿ ಅಳೆಯುವ ಈ ನಿಯಮವನ್ನು ಪಾಲಿಸುವುದು ಎತ್ತರದ ಕಂಬಕ್ಕೆ ಹೊರಮುಖವಾಗಿ ಕಟ್ಟಿದ ತುತ್ತೂರಿಗಳಿಗಿಂತ, ಕೇಳುಗರ ಸಮೀಪದಲ್ಲಿ ಒಳಮುಖವಾಗಿ ಹಂಚಿದ ಚಿಕ್ಕ ಸ್ಪೀಕರ್‌ಗಳಿಂದ ಸುಲಭವಾಗುತ್ತದೆ.