ಉಕ್ಕರಿಸಿದ ಹಿಟ್ಟು, ಕ್ಯಾಂಟನಿನ ಬುಟ್ಟಿ

ಆಲೂರು ತಾಲ್ಲೂಕಿನ ನಮ್ಮ ಮಗ್ಗೆ ಕಡೆ ಕಡುಬಿನ ಅಡುಗೆ ಎಂದರೆ ಮೊದಲ ಪರೀಕ್ಷೆ ಹಿಟ್ಟಿನದು. ಕುದಿಯುವ ನೀರಿಗೆ ಅಕ್ಕಿ ಹಿಟ್ಟು ಸುರಿದು, ಕೋಲಿನಲ್ಲಿ ತಿರುವಿ, ತಟ್ಟೆ ಮುಚ್ಚಿ ಬಿಗಿಯಾಗಲು ಬಿಡಬೇಕು. ಬಿಸಿ ಆರುವ ಮೊದಲೇ ಕೈಗೆ ನೀರು ಮುಟ್ಟಿಸಿಕೊಂಡು ನಾದಬೇಕು. ಉಕ್ಕರಿಸುವುದು ಎಂದರೆ ಇದೇ. ಇದು ತಪ್ಪಿದರೆ ಕಡುಬು ಹಬೆಯ ಅಟ್ಟದಲ್ಲೇ ಬಿರಿದು ಹೂರಣ ಹೊರಗೆ ಬರುತ್ತದೆ.

ಬೆಂಗಳೂರಿನ ದುಬಾರಿ ಚೀನೀ ಹೋಟೆಲೊಂದಕ್ಕೆ ಅವ್ವನನ್ನು ಮೊದಲ ಸಲ ಕರೆದುಕೊಂಡು ಹೋದಾಗ ಅವರ ಮುಂದೆ ಬಿದಿರಿನ ಪುಟ್ಟ ಬುಟ್ಟಿ ಬಂತು. ಮುಚ್ಚಳ ತೆಗೆದರೆ ಹಬೆ. ಹಬೆಯೊಳಗೆ ನಾಲ್ಕು ಹಾರ್ ಗೌ, ಅಂದರೆ ಸಿಗಡಿ ತುಂಬಿದ, ಒಳಗಿನ ಕೆಂಪು ಹೊರಗೆ ಕಾಣುವಷ್ಟು ತೆಳುವಾದ ಕಡುಬುಗಳು. ಅವ್ವ ತಿನ್ನುವ ಮೊದಲು ಒಂದನ್ನು ಬೆರಳ ತುದಿಯಲ್ಲಿ ಒತ್ತಿದರು. "ಉಕ್ಕರ್ಸಿದ ಹಿಟ್ಟು ಕಣಪ್ಪ ಇದು. ಆದ್ರೆ ಅಕ್ಕೀದಲ್ಲ," ಅಂದರು.

ಎರಡು ಮಾತೂ ಸರಿ. ಗೋಧಿ ಹಿಟ್ಟನ್ನು ನೀರಿನಲ್ಲಿ ತೊಳೆದು ಅಂಟು ಬೇರ್ಪಡಿಸಿದರೆ ಉಳಿಯುವ ಪಿಷ್ಟ, ನಾವು ಹಲ್ವ ಮಾಡಲು ತೆಗೆಯುವ ಗೋಧಿ ಹಾಲಿನ ಗಸಿ, ಹಾರ್ ಗೌ ಹೊದಿಕೆಯ ಮೂಲ. ಅದಕ್ಕೆ ಮರಗೆಣಸಿನ ಪಿಷ್ಟ ಸೇರಿಸಿ, ಕುದಿಯುವ ನೀರು ಹೊಯ್ದು ನಾದುತ್ತಾರೆ. ಅಂಟಿಲ್ಲದ ಹಿಟ್ಟು ತಣ್ಣೀರಿಗೆ ಹೊಂದಿಕೊಳ್ಳುವುದಿಲ್ಲ. ಬಿಸಿನೀರು ಬಿದ್ದಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಮಲೆನಾಡಿನ ಅಡುಗೆಮನೆ ಮತ್ತು ಕ್ಯಾಂಟನಿನ ಅಡುಗೆಮನೆ ಒಂದೇ ತೊಡಕಿಗೆ ಒಂದೇ ಪರಿಹಾರ ಕಂಡುಕೊಂಡಿವೆ. ಹಾಗಿದ್ದೂ ಆ ಬುಟ್ಟಿ ಅವ್ವನ ಮುಂದೆ ಬರಲು ಇನ್ನೂರು ವರ್ಷಕ್ಕೂ ಮೇಲೆ ಬೇಕಾಯಿತು. ಚೀನೀ ಊಟ ನಮ್ಮ ನಾಡಿಗೆ ಬೆಂಕಿಯ ದಾರಿಯಲ್ಲಿ ಬಂತು, ಹಬೆಯ ದಾರಿಯಲ್ಲಿ ಅಲ್ಲ ಎಂಬುದೇ ಇದಕ್ಕೆ ಕಾರಣ ಎಂದು ನನಗನ್ನಿಸುತ್ತದೆ.

ಕ್ಯಾಂಟನ್ ಎಂದರೆ ಇಂದಿನ ಗುವಾಂಗ್‌ಝೌ, ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಬಂದರು. 1757ರಿಂದ 1842ರವರೆಗೆ ಪಶ್ಚಿಮದ ವ್ಯಾಪಾರಿಗಳು ಚೀನಾದೊಂದಿಗೆ ವ್ಯವಹರಿಸಲು ಇದ್ದದ್ದು ಆ ಒಂದೇ ಬಾಗಿಲು. ಲಂಡನ್ನಿಗೆ ಹೋದ ಚಹಾ ಅಲ್ಲಿಂದಲೇ ಹಡಗು ಏರುತ್ತಿತ್ತು. ಆ ಊರಿನ ಚಹಾ ಮನೆಗಳಲ್ಲಿ ಬೆಳಗಿನ ಹೊತ್ತು ಚಹಾದ ಜೊತೆ ಸಣ್ಣ ತಿಂಡಿ ಕೊಡುವ ರೂಢಿ ಬೆಳೆಯಿತು. ಈ ಪದ್ಧತಿಗೆ ಯಮ್ ಚಾ, ಅಂದರೆ 'ಚಹಾ ಕುಡಿಯುವುದು' ಎಂದು ಹೆಸರು. ತಿಂಡಿಯ ಹೆಸರು ಡಿಮ್ ಸಮ್, 'ಹೃದಯವನ್ನು ಮುಟ್ಟುವುದು'. ಚಹಾ ಇಲ್ಲಿ ಮುಖ್ಯ, ತಿಂಡಿ ಅದರ ನೆರಳು. ಹಾರ್ ಗೌ ಹುಟ್ಟಿದ್ದು ಗುವಾಂಗ್‌ಝೌ ಹೊರವಲಯದ ಚಹಾ ಮನೆಯೊಂದರಲ್ಲಿ, 1920ರ ದಶಕದ ಸುಮಾರಿಗೆ ಎನ್ನುತ್ತಾರೆ. ಅದರ ಹೊದಿಕೆಗೆ ಕನಿಷ್ಠ ಏಳು ನಿರಿಗೆ ಬೇಕು, ಹತ್ತು ದಾಟಿದರೆ ಕೈಚಳಕ. ಮುಂದೆ ಯುದ್ಧ, ಕ್ರಾಂತಿಗಳಿಂದಾಗಿ ಗುವಾಂಗ್‌ಡಾಂಗಿನ ಅಡುಗೆಯವರು ಹಾಂಗ್‌ಕಾಂಗಿಗೆ ಬಂದರು. ಅಲ್ಲಿ 1933ರಲ್ಲಿ ಶುರುವಾದ ಲುಕ್ ಯು ಚಹಾ ಮನೆಯಂಥವು ಈ ಊಟಕ್ಕೆ ನಗರದ ಗತ್ತು ಕೊಟ್ಟವು.

ಭಾರತಕ್ಕೆ ಚೀನೀಯರು ಬಂದದ್ದು 18ನೇ ಶತಮಾನದ ಕೊನೆಯಲ್ಲಿ, ಕಲ್ಕತ್ತೆಗೆ. ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ ಟಾಂಗ್ ಅಚ್ಯೂ ಎಂಬಾತ ಹೂಗ್ಲಿ ದಡದಲ್ಲಿ ಜಮೀನು ಪಡೆದು ಸಕ್ಕರೆ ಆಲೆ ಹಾಕಿದ. ಆ ಊರಿಗೆ ಇಂದಿಗೂ ಅವನ ಹೆಸರಿನ ಅಚಿಪುರ ಎಂಬ ಹೆಸರಿದೆ. ಆಮೇಲೆ ಬಂದವರಲ್ಲಿ ಹೆಚ್ಚಿನವರು ಗುವಾಂಗ್‌ಡಾಂಗಿನವರೇ. ಕ್ಯಾಂಟನೀಸರು ಬಡಗಿಗಳು, ಹಕ್ಕಾಗಳು ಚರ್ಮ ಹದ ಮಾಡುವವರು, ಚಪ್ಪಲಿ ಹೊಲಿಯುವವರು. ದಂತವೈದ್ಯರು ಮಾತ್ರ ಹುಬೆಯಿ ಪ್ರಾಂತ್ಯದವರು. ಹಾಗೆ ನೋಡಿದರೆ ನಮ್ಮ ದೇಶದಲ್ಲಿ ಮೊದಲು ಒಲೆ ಹಚ್ಚಿದ ಚೀನೀ ಅಡುಗೆಯೇ ದಕ್ಷಿಣ ಚೀನಾದ್ದು. ಅದು ಸೌಮ್ಯವಾದ, ಪದಾರ್ಥದ ರುಚಿಯನ್ನು ಮುಂದೆ ಬಿಟ್ಟು ತಾನು ಹಿಂದೆ ನಿಲ್ಲುವ ಅಡುಗೆ. ಕಲ್ಕತ್ತೆಯ ಟಿರೆಟ್ಟಾ ಬಜಾರಿನ ಬೆಳಗಿನ ಸಂತೆಯಲ್ಲಿ ಹಬೆಯಲ್ಲಿ ಬೇಯಿಸಿದ ಬನ್ನು, ಕಡುಬುಗಳನ್ನು ಈಗಲೂ ಮಾರುತ್ತಾರೆ.

1962ರ ಯುದ್ಧ ಆ ಸಮುದಾಯದ ಬೆನ್ನು ಮುರಿಯಿತು. ಇಲ್ಲೇ ಹುಟ್ಟಿ ಬೆಳೆದ ಸುಮಾರು 3,000 ಜನರನ್ನು, ಮಕ್ಕಳು ಮುದುಕರೆನ್ನದೆ, ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಕೂಡಿಹಾಕಲಾಯಿತು. ಬಿಡುಗಡೆಯಾಗಿ ಬಂದವರಲ್ಲಿ ಅನೇಕರಿಗೆ ಮನೆಯೂ ಇರಲಿಲ್ಲ, ಕಸುಬೂ ಇರಲಿಲ್ಲ. ಎಷ್ಟೋ ಕುಟುಂಬಗಳು ಕೆನಡಾದ ಟೊರಾಂಟೊಗೆ ಹೋದವು. ಉಳಿದವರಲ್ಲಿ ಕೆಲವರಿಗೆ ಹೋಟೆಲು, ಬ್ಯೂಟಿ ಪಾರ್ಲರುಗಳೇ ಆಸರೆಯಾದವು. ಬದುಕಲು ಅಡುಗೆ ಮಾಡುವವರು ಉಣ್ಣುವವರ ನಾಲಿಗೆಯನ್ನು ಕೇಳಲೇಬೇಕು. ನಾಲಿಗೆ ಖಾರ ಕೇಳಿತು, ಅವರು ಖಾರ ಕೊಟ್ಟರು. ಇದನ್ನು ರುಚಿಯ ಕೆಡುಕು ಎಂದು ಹಳಿಯುವವರ ಜೊತೆ ನಾನಿಲ್ಲ.

ಆ ಖಾರಕ್ಕೆ ದೊಡ್ಡ ಮುದ್ರೆ ಬಿದ್ದದ್ದು ಬೊಂಬಾಯಿಯಲ್ಲಿ. 1973ರಲ್ಲಿ ತಾಜ್ ಮಹಲ್ ಹೋಟೆಲಿನ ಗೋಲ್ಡನ್ ಡ್ರ್ಯಾಗನ್ ಸಿಚುವಾನ್ ಪ್ರಾಂತ್ಯದ ಅಡುಗೆಯನ್ನು ಭಾರತಕ್ಕೆ ಪರಿಚಯಿಸಿತು. ಆ ಹೆಸರೇ ಬೀದಿಗೆ ಇಳಿದು 'ಷೆಜ್ವಾನ್' ಆಯಿತು. 1975ರಲ್ಲಿ ಕಲ್ಕತ್ತಾ ಮೂಲದ ನೆಲ್ಸನ್ ವಾಂಗ್ ಅಲ್ಲಿನ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹುರಿದು, ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು, ಕಾರ್ನ್‌ಫ್ಲೋರಿನಲ್ಲಿ ಮಂದ ಮಾಡಿ ಚಿಕನ್ ಮಂಚೂರಿಯನ್ ಮಾಡಿದರು ಎಂಬುದು ಪ್ರಸಿದ್ಧ ಕಥೆ. ಮಂಚೂರಿಯಾದಲ್ಲಿ ಅಂಥ ಪದಾರ್ಥವಿಲ್ಲ. ಅದು ನಮ್ಮದೇ.

ಕರ್ನಾಟಕ ಅದನ್ನು ಎಷ್ಟು ತನ್ನದಾಗಿಸಿಕೊಂಡಿತು ಎಂದರೆ, ಕೋಳಿಯ ಜಾಗಕ್ಕೆ ಹೂಕೋಸು ಬಂದು 'ಗೋಬಿ' ಎಂಬ ಒಂದೇ ಮಾತು ಸಾಕಾಯಿತು. 1983ರಲ್ಲಿ ಆರ್. ಪ್ರಭಾಕರ್ ಬೆಂಗಳೂರಿನಲ್ಲಿ ಆರಂಭಿಸಿದ ದರ್ಶಿನಿ ಮಾದರಿಯ ಹೋಟೆಲುಗಳು ಇಡ್ಲಿ, ದೋಸೆಯನ್ನು ಅಗ್ಗವಾಗಿ, ನಿಂತು ತಿನ್ನುವಂತೆ ಕೊಟ್ಟವು. ಅದೇ ಜಾತಿಯ ಹೋಟೆಲುಗಳಲ್ಲಿ ಕ್ರಮೇಣ ಸಂಜೆಯ ಹೊತ್ತು ಇನ್ನೊಂದು ಒಲೆ ಹತ್ತಿತು. 'ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್' ಎಂಬ ಬೋರ್ಡು ಹಾಸನ ಕಳೆದು ಸಕಲೇಶಪುರದ ಕಡೆ ಹೋಗುವ ಹೆದ್ದಾರಿಯಲ್ಲೂ ಕಾಣುತ್ತದೆ. ಜಾತ್ರೆ ಎಂದರೆ ಗೋಬಿ ಗಾಡಿ ಇಲ್ಲದೆ ನಡೆಯದು. ಚೀನಾ ಎಂದರೆ ಕೆಂಪು ಬಣ್ಣ, ಎತ್ತರದ ಉರಿ, ಬಾಣಲೆಯ ಸದ್ದು ಎಂದು ಎರಡು ತಲೆಮಾರು ನಂಬಿದೆವು. ಆ ಕೆಂಪೇ ಕೊನೆಗೆ ಮುಳುವಾಯಿತು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಬಣ್ಣ ತೆಗೆದ ಗೋಬಿ ಕಂದಾಗಿದೆ. ರುಚಿಯೇನೂ ಕಡಿಮೆಯಾಗಿಲ್ಲ.

ಹಬೆಯ ಕಡುಬು ಈ ನಡುವೆ ಬೇರೊಂದು ದಿಕ್ಕಿನಿಂದ, ಸದ್ದಿಲ್ಲದೆ ಬಂದಿತ್ತು. ಆಗಿನ ಮೈಸೂರು ಸರ್ಕಾರ ಟಿಬೆಟಿನ ನಿರಾಶ್ರಿತರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1961ರ ಹೊತ್ತಿಗೆ ಅಲ್ಲಿ ಕಾಡು ಕಡಿದು ಜೋಳ ಬಿತ್ತಿದವರ ಅಡುಗೆಮನೆಯಲ್ಲಿ ಮೋಮೋ ಬೇಯುತ್ತಿತ್ತು. ಮೋಮೋ ಡಿಮ್ ಸಮ್ ಅಲ್ಲ. ಹೊದಿಕೆ ಮೈದಾದ್ದು, ದಪ್ಪ, ಒಳಗೆ ಮಾಂಸ, ಈರುಳ್ಳಿ. ಆದರೂ ಕೊಡಗು, ಹಾಸನದ ಹುಡುಗರು ಚೀನೀ ನೆಂಟಸ್ತಿಕೆಯ ಹಬೆ ತಿಂಡಿಯನ್ನು ಮೊದಲು ಕಂಡದ್ದು ಬೈಲಕುಪ್ಪೆಯಲ್ಲೇ. ಚೀನೀ ಊಟದ ಬಗ್ಗೆ ಬರೆಯುವವರು ಈ ಕೊಂಡಿಯನ್ನು ಬಿಟ್ಟುಬಿಡುತ್ತಾರೆ. ನನಗೆ ಅದು ದೊಡ್ಡದಾಗಿ ಕಾಣುತ್ತದೆ.

ಬೆಂಗಳೂರಿನಲ್ಲಿ ಚುಂಗ್ ವಾ ಥರದ ಕುಟುಂಬ ಹೋಟೆಲುಗಳು, ಎಂ.ಜಿ. ರಸ್ತೆಯ ತಾಜ್‌ನ ಮೆಮೊರೀಸ್ ಆಫ್ ಚೈನಾ ಥರದ ತಾರಾ ಹೋಟೆಲುಗಳು ಬಹುಕಾಲ ಚೀನೀ ಊಟದ ಎರಡು ದಡಗಳಾಗಿದ್ದವು. ಕ್ಯಾಂಟನಿನ ಊಟ ತನ್ನ ಸ್ವಂತ ಮುಖದಲ್ಲಿ ಎರಡನೆಯ ಸಲ ಬಂದದ್ದು ಲಂಡನ್ ಸುತ್ತಿಕೊಂಡು. ಹಾಂಗ್‌ಕಾಂಗಿನಲ್ಲಿ ಹುಟ್ಟಿ ಬಾಲ್ಯದಲ್ಲೇ ಇಂಗ್ಲೆಂಡಿಗೆ ಹೋದ ಅಲನ್ ಯೌ 2001ರಲ್ಲಿ ಅಲ್ಲಿ ಹಕ್ಕಾಸನ್ ತೆರೆದರು. ಮಂದ ಬೆಳಕು, ಕೆತ್ತನೆಯ ಮರದ ಪರದೆ, ಉದ್ದನೆಯ ಬಾರು. ಡಿಮ್ ಸಮ್ ಪಕ್ಕದಲ್ಲಿ ಕಾಕ್‌ಟೇಲ್ ಗ್ಲಾಸು ಇಡುವುದನ್ನು ಶೋಕಿಯ ಊಟವಾಗಿ ರೂಢಿಗೆ ತಂದದ್ದರಲ್ಲಿ ಆ ಹೋಟೆಲಿನ ಪಾಲು ದೊಡ್ಡದು. 2004ರಲ್ಲಿ ಅವರೇ ಯೌವಾಚಾ ಎಂಬ ಚಹಾ ಮನೆ ಆರಂಭಿಸಿದರು. ಅದು ಮುಂಬೈಗೆ 2011ರಲ್ಲಿ, ಬೆಂಗಳೂರಿನ ಟ್ರಿನಿಟಿ ಬಳಿಯ ಮಾಲಿಗೆ 2013ರಲ್ಲಿ ಬಂತು. 2015ರಲ್ಲಿ ಶಾಂಗ್ರಿ-ಲಾ ಹೋಟೆಲು ಬೆಂಗಳೂರಿಗೆ ಬಂದಾಗ ಅದರ ಚೀನೀ ಊಟದ ಮನೆ ಶಾಂಗ್ ಪ್ಯಾಲೇಸ್ ಕೂಡ ಜೊತೆಗೆ ಬಂತು.

ಇಂಥಲ್ಲಿ ಕೂತು ತಿನ್ನುವುದಕ್ಕೆ ಒಂದು ಕ್ರಮವಿದೆ. ಹಬೆಯದನ್ನು ಮೊದಲು ತಿನ್ನಬೇಕು, ಕರಿದದ್ದು ನಂತರ, ಸಿಹಿ ಕೊನೆಗೆ. ಚೆಂಗ್ ಫನ್ ಎಂಬುದು ಅಕ್ಕಿ ಹಿಟ್ಟಿನ ತೆಳು ಹಾಳೆ. ನೀರು ದೋಸೆಯ ಹಿಟ್ಟನ್ನು ಕಾವಲಿಗೆ ಹುಯ್ಯದೆ ಹಬೆಯಲ್ಲಿ ಬೇಯಿಸಿ ಸುತ್ತಿದಂತೆ. ಲೋ ಮಾಯ್ ಗಾಯ್‌ನಲ್ಲಿ ಅಂಟಕ್ಕಿಯನ್ನೂ ಕೋಳಿಯನ್ನೂ ತಾವರೆ ಎಲೆಯಲ್ಲಿ ಕಟ್ಟಿ ಬೇಯಿಸುತ್ತಾರೆ. ಹಲಸಿನ ಎಲೆಯ ಕೊಟ್ಟೆ ಕಡುಬು, ಅರಿಸಿನ ಎಲೆಯ ಕಡುಬು ತಿಂದವರಿಗೆ ಎಲೆಯ ವಾಸನೆ ಅಕ್ಕಿಗೆ ಇಳಿಯುವ ಬಗೆ ಹೇಳಿಕೊಡಬೇಕಿಲ್ಲ. ಬಿದಿರಿನ ಮುಚ್ಚಳವೇಕೆ ಎಂದೂ ಅವ್ವನಿಗೆ ಕೂಡಲೇ ಹೊಳೆಯಿತು. ಲೋಹದ ಮುಚ್ಚಳದಿಂದ ನೀರು ತೊಟ್ಟಿಕ್ಕಿ ಕಡುಬು ಹಸಿಯಾಗುತ್ತದೆಂದು ನಾವು ಪಾತ್ರೆಗೆ ಬಟ್ಟೆ ಕಟ್ಟುತ್ತೇವೆ. ಬಿದಿರು ಆ ನೀರನ್ನು ತಾನೇ ಹೀರಿಕೊಳ್ಳುತ್ತದೆ.

ಕಾಕ್‌ಟೇಲ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಲಿಚಿ, ಶುಂಠಿ, ಮಜ್ಜಿಗೆ ಹುಲ್ಲು, ನಿಂಬೆ ಹಾಕಿದ ಹಗುರ ಪಾನೀಯಗಳು ಹಂದಿಮಾಂಸದ ಬನ್ನಿಗೂ ಕರಿದದ್ದಕ್ಕೂ ಒಪ್ಪುತ್ತವೆ, ಹುಳಿ ಜಿಡ್ಡನ್ನು ಕತ್ತರಿಸುತ್ತದೆ. ಊಟ ಮುಗಿದ ಮೇಲೆ ಬರುವ ಎಸ್‌ಪ್ರೆಸೊ ಮಾರ್ಟಿನಿಯಲ್ಲಿ ನಮ್ಮ ಬೆಟ್ಟದ ಕಾಫಿ ಇದ್ದರೂ ಇರಬಹುದು, ಅದು ಸಂತೋಷವೇ. ಆದರೆ ಹಾರ್ ಗೌ ಜೊತೆ ಗಾಢವಾದ ಮದ್ಯ ಬಂದರೆ ಸಿಗಡಿಯ ಸಿಹಿ ಸತ್ತುಹೋಗುತ್ತದೆ. ಅಲ್ಲಿಗೆ ಬೇಕಾದದ್ದು ಚಹಾ. ಬಟ್ಟಲು ತುಂಬಿಸಿದವರಿಗೆ ಮೇಜಿನ ಮೇಲೆ ಎರಡು ಬೆರಳು ತಟ್ಟಿ ಕೃತಜ್ಞತೆ ಹೇಳುವ ಕ್ಯಾಂಟನಿನ ರೂಢಿ ಎಷ್ಟು ಚೆಂದ! ನಮ್ಮ ನಗರದ ಮೇಜುಗಳಲ್ಲಿ ಗ್ಲಾಸು ಬಂದು ಚಹಾದ ಕುಂಡಿಕೆ ಮೂಲೆ ಸೇರಿದೆ. ಊಟದ ಹೆಸರಿನಲ್ಲೇ ಇರುವ ಚಹಾ ಊಟದಿಂದ ಹೋಗಬಾರದು.

ಬೆಲೆಯ ಮಾತೂ ಇದೆ. ಹಾಂಗ್‌ಕಾಂಗಿನ ಮೋಂಗ್ ಕೋಕ್‌ನಲ್ಲಿ 2009ರಲ್ಲಿ ಶುರುವಾದ ಟಿಮ್ ಹೋ ವಾನ್ ಎಂಬ ಪುಟ್ಟ ಅಂಗಡಿ ಮರುವರ್ಷದ ಹೊತ್ತಿಗೆ ಮಿಶೆಲಿನ್ ತಾರೆ ಪಡೆಯಿತು. ಕೆಲಸದವರು ಸಾಲಿನಲ್ಲಿ ನಿಂತು ತಿನ್ನುವಷ್ಟು ಅಗ್ಗದ ಜಾಗ ಅದು. ಡಿಮ್ ಸಮ್ ಹುಟ್ಟಿನಿಂದ ಶ್ರೀಮಂತರ ತಿಂಡಿಯಲ್ಲ. ನಮ್ಮಲ್ಲಿ ಅದು ತಾರಾ ಹೋಟೆಲಿನ ಬಾಗಿಲಿನಿಂದ ಬಂದದ್ದರಿಂದ ಹಾಗಾಯಿತು.

ಬುಟ್ಟಿಯ ಹಿಂದಿನ ಕೈಗಳನ್ನೂ ನೆನೆಯಬೇಕು. ಬೆಂಗಳೂರಿನ ಚೀನೀ ಅಡುಗೆಮನೆಗಳಲ್ಲಿ ನಿರಿಗೆ ಹಿಡಿಯುವವರಲ್ಲಿ ಬಹಳ ಮಂದಿ ಈಶಾನ್ಯ ರಾಜ್ಯಗಳವರು, ಡಾರ್ಜಿಲಿಂಗ್ ಕಡೆಯವರು, ನೇಪಾಳದವರು. 2012ರ ಆಗಸ್ಟ್‌ನಲ್ಲಿ ಹಲ್ಲೆಯ ವದಂತಿಗಳಿಗೆ ಹೆದರಿ ಈಶಾನ್ಯದ ಸಾವಿರಾರು ಜನ ವಿಶೇಷ ರೈಲುಗಳಲ್ಲಿ ಗುವಾಹಟಿಗೆ ಹೊರಟರಲ್ಲ, ಆ ವಾರ ಈ ನಗರ ತನಗೆ ಬಡಿಸುತ್ತಿದ್ದವರ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿತು. ಅವರಲ್ಲಿ ಅನೇಕರು ಹಿಂದಿರುಗಿ ಬಂದರು. ಮರುವರ್ಷ ಬೆಂಗಳೂರಿಗೆ ಡಿಮ್ ಸಮ್ ಮನೆ ಬಂದಾಗ ಅದಕ್ಕೆ ಬೇಕಾದ ಕೈಗಳು ಊರಿನಲ್ಲಿದ್ದವು.

ಮಗ್ಗೆಗೆ ಹಿಂದಿರುಗಿದ ಮೇಲೆ ಅವ್ವ ಸುಮ್ಮನಿರಲಿಲ್ಲ. ಶಿರಾಡಿ ಘಾಟಿ ಹತ್ತಿ ಬರುವ ಮಂಗಳೂರಿನ ಸಿಗಡಿ ತರಿಸಿದರು. ಗೋಧಿ ಪಿಷ್ಟ ನಾನು ಬೆಂಗಳೂರಿನಿಂದ ತಂದಿದ್ದೆ. ನೀರು ಸಾಕಷ್ಟು ಕುದಿದಿರಲಿಲ್ಲವೋ ಏನೋ, ಹೊದಿಕೆ ಲಟ್ಟಿಸುವಾಗಲೇ ಹರಿಯಿತು. ಎರಡನೆಯ ಸಲವೂ ಹರಿಯಿತು. ಅವ್ವ ಅದನ್ನು ಪಕ್ಕಕ್ಕೆ ಸರಿಸಿ, ಡಬ್ಬಿಯಿಂದ ಅಕ್ಕಿ ಹಿಟ್ಟು ತೆಗೆದು ಉಕ್ಕರಿಸಿದರು. ಕಾಯಿ, ಬೆಲ್ಲದ ಬದಲು ಸಿಗಡಿ, ಶುಂಠಿ, ಕುಟ್ಟಿದ ಒಳ್ಳೆಮೆಣಸು ತುಂಬಿ ಒಂಬತ್ತು ನಿರಿಗೆ ಹಿಡಿದರು. ಅಟ್ಟದ ಮುಚ್ಚಳಕ್ಕೆ ಬಟ್ಟೆ ಕಟ್ಟಿ ಹತ್ತು ನಿಮಿಷ ಬೇಯಿಸಿದರು. ಹೊದಿಕೆ ಗಾಜಿನಂತೆ ತಿಳಿಯಾಗಲಿಲ್ಲ, ಬೆಳ್ಳಗೇ ಇತ್ತು. ಒಂದೂ ಬಿರಿದಿರಲಿಲ್ಲ.